ಕಾರ್ಡ್ ಯಾವುದು ಅಂತ ಕೇಳೋ ಮೊದಲು

ವಾಟ್ಸಾಪ್‌ನಲ್ಲಿ ಆಗಾಗ ಒಂದು ಸ್ಕ್ರೀನ್‌ಶಾಟ್ ಬರುತ್ತದೆ. ಯಾವುದೋ ವೆಬ್‌ಸೈಟ್‌ಗೆ ಹೋಗಿ ಪ್ರೊಸೆಸರ್ ಹೆಸರು, ಗ್ರಾಫಿಕ್ಸ್ ಕಾರ್ಡ್ ಹೆಸರು ಹಾಕಿರುತ್ತಾರೆ. ಕೆಳಗೆ ಕೆಂಪು ಅಕ್ಷರದಲ್ಲಿ ಬಾಟಲ್‌ನೆಕ್, ಅಂದರೆ ಒಂದು ನಿಧಾನವಾಗಿ ಇನ್ನೊಂದನ್ನು ಕಾಯಿಸೋದು, ಇಷ್ಟು ಪರ್ಸೆಂಟ್ ಅಂತ ಬಂದಿರುತ್ತದೆ. ಅದರ ಕೆಳಗೆ ಪ್ರಶ್ನೆ: "ಅಣ್ಣಾ, ಈ ಜೋಡಿ ಸರಿ ಹೋಗ್ತದಾ?"

ಆ ಪರ್ಸೆಂಟನ್ನು ನಾನು ನೋಡುವುದೇ ಇಲ್ಲ. ನೀವು ಆಡೋ ಗೇಮ್ ಯಾವುದು, ಸೆಟ್ಟಿಂಗ್ ಏನು, ಮಾನಿಟರ್ ಎಷ್ಟು ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ಅಂತ ಗೊತ್ತಿಲ್ಲದೆ ಎರಡು ಹೆಸರು ನೋಡಿ ಒಂದು ಅಂಕಿ ಹೇಳಿದರೆ ಅದಕ್ಕೇನು ಬೆಲೆ? ಅದೇ ಪ್ರೊಸೆಸರ್, ಅದೇ ಕಾರ್ಡ್ ಇದ್ದರೂ ವ್ಯಾಲೊರಂಟ್‌ನಲ್ಲಿ ಪ್ರೊಸೆಸರ್ ಸುಸ್ತಾಗಿ ಕಾರ್ಡ್ ಆರಾಮಾಗಿರುತ್ತದೆ. ರೆಡ್ ಡೆಡ್ ರಿಡೆಂಪ್ಶನ್ 2 ಹಾಕಿದರೆ ಕಾರ್ಡ್ ಏದುಸಿರು ಬಿಡುತ್ತದೆ, ಪ್ರೊಸೆಸರ್ ಸುಮ್ನೆ ಕೂತಿರುತ್ತದೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವವನು. ಕಂಪ್ಯೂಟರ್ ಜೋಡಿಸೋದು ಸಂಜೆಯ ಹುಚ್ಚು. ಈ ವಿಷಯ ನನ್ನ ತಲೆಗೆ ಸರಿಯಾಗಿ ಹತ್ತಿದ್ದು ನಮ್ಮ ಯೂನಿಟ್‌ನ ಕೆಲಸ ನೋಡಿಯೇ. ಒಂದು ಕಡೆ ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸಿ, ಗುರುತು ಹಾಕಿ, ಕಟ್ಟು ಕಟ್ಟಿ ಕೊಡುತ್ತಾನೆ. ಇನ್ನೊಂದು ಕಡೆ ಟೈಲರ್‌ಗಳು ಹೊಲಿಯುತ್ತಾರೆ. ಇಬ್ಬರದೂ ಒಂದೇ ಹೊತ್ತಿಗೆ ನಡೆಯುವ ಕೆಲಸ. ಸಂಜೆಗೆ ಎಷ್ಟು ಪ್ಯಾಂಟ್ ಆಯಿತು ಅನ್ನೋದನ್ನು ನಿಧಾನ ಇರುವವರು ತೀರ್ಮಾನ ಮಾಡುತ್ತಾರೆ. ಕಟಿಂಗ್ ತಡವಾದರೆ ಇನ್ನೂ ಹತ್ತು ಹೊಲಿಗೆ ಮಿಷನ್ ತಂದರೂ ಒಂದು ಪ್ಯಾಂಟೂ ಜಾಸ್ತಿ ಬರೋದಿಲ್ಲ.

ಪ್ರೊಸೆಸರ್ ಆ ಕಟಿಂಗ್ ಮಾಸ್ಟರ್. ವೈರಿ ಎಲ್ಲಿದ್ದಾನೆ, ಗುಂಡು ಎಲ್ಲಿಗೆ ಹೋಯಿತು, ರಸ್ತೆ ಮೇಲಿನ ಜನ ಎತ್ತ ನಡೆದರು, ಇದನ್ನೆಲ್ಲ ಲೆಕ್ಕ ಹಾಕಿ, ಏನೇನು ಬಿಡಿಸಬೇಕು ಅನ್ನೋ ಪಟ್ಟಿಯನ್ನು ಕಾರ್ಡಿಗೆ ಕೊಡೋದು ಅದರ ಕೆಲಸ. ಆ ಪಟ್ಟಿ ಹಿಡಿದು ಬೆಳಕು, ನೆರಳು, ಬಣ್ಣ ಸೇರಿಸಿ ಪಿಕ್ಸೆಲ್ ತುಂಬೋದು ಕಾರ್ಡಿನ ಕೆಲಸ. ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕಿಗಳ (ಪಿಕ್ಸೆಲ್) ಸಂಖ್ಯೆ, ಏರಿಸೋದು ಅಂದರೆ ಪ್ರತಿ ಪ್ಯಾಂಟಿಗೂ ಕಸೂತಿ ಹಾಕಿ ಅಂದ ಹಾಗೆ. ಕಟಿಂಗ್ ಅಷ್ಟೇ ಇರುತ್ತದೆ, ಹೊಲಿಗೆ ಮಾತ್ರ ಜಾಸ್ತಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆ ಅಂದರೆ 82.9 ಲಕ್ಷ. ಪ್ರೊಸೆಸರ್‌ಗೆ ಈ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಕೆಲಸ.

ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ) ಬಿಟ್ಟು ಮಿಲಿಸೆಕೆಂಡ್‌ನಲ್ಲಿ ಯೋಚಿಸಿದರೆ ಗೊಂದಲ ಕಡಿಮೆ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಸಿಗುತ್ತದೆ. 144 ಬೇಕು ಅಂದರೆ 6.9 ಮಾತ್ರ. ಈಗ ಒಂದು ಗೇಮಿನಲ್ಲಿ ಪ್ರತಿ ಫ್ರೇಮಿಗೆ ಪ್ರೊಸೆಸರ್ 12 ಮಿಲಿಸೆಕೆಂಡ್, ಕಾರ್ಡ್ 8 ಮಿಲಿಸೆಕೆಂಡ್ ತಗೊಳ್ಳುತ್ತದೆ ಅನ್ನಿ. ನಿಮಗೆ ಸಿಗೋದು 83 ಎಫ್‌ಪಿಎಸ್. ಸಾಲ ಮಾಡಿ ಎರಡರಷ್ಟು ವೇಗದ ಕಾರ್ಡ್ ತಂದಿರಿ, ಅದು 4 ಮಿಲಿಸೆಕೆಂಡಿಗೇ ಮುಗಿಸಿತು. ಆಗಲೂ 83. ಅದೇ ಹಳೆ ಕಾರ್ಡಿಗೆ 4ಕೆ ಮಾನಿಟರ್ ಸಿಕ್ಕಿಸಿ, ಅದರ ಪಾಲು 8ರಿಂದ 25ಕ್ಕೆ ಏರಿತು ಅಂತಿಟ್ಟುಕೊಳ್ಳಿ. ಈಗ 40 ಎಫ್‌ಪಿಎಸ್. ಇಲ್ಲಿ ಪ್ರೊಸೆಸರ್ ಬದಲಿಸಿದರೆ ದುಡ್ಡು ದಂಡ.

ನನ್ನ ಅಕ್ಕನ ಮಗನದು ಮೊದಲನೇ ತರಹದ ಕಥೆ. ಡಿಪ್ಲೊಮಾ ಓದುತ್ತಿದ್ದಾನೆ. ಅವನ ಹತ್ತಿರ ಇದ್ದದ್ದು ರೈಜೆನ್ 3 3200ಜಿ ಪ್ರೊಸೆಸರ್. ಅದಕ್ಕೆ ಯಾರೋ ಮಾರುತ್ತಿದ್ದ ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 6600 ಕಾರ್ಡ್ ತಂದು ಕೂರಿಸಿದ. ಸೈಬರ್‌ಪಂಕ್ 2077 ಹಾಕಿದರೆ ಪೇಟೆಯೊಳಗೆ ಗಾಡಿ ಓಡಿಸುವಾಗ 40ರ ಆಸುಪಾಸು, ನಡುನಡುವೆ ಜರ್ಕ್. "ಮಾಮಾ, ಹೊಸ ಕಾರ್ಡ್ ಹಾಕಿದ್ರೂ ಹಿಂಗೇ ಐತಲ್ಲ, ಕಾರ್ಡ್ ಕೆಟ್ಟೈತಾ?" ಅಂತ ಫೋನ್ ಮಾಡಿದ. ಕಾರ್ಡ್ ಕೊಟ್ಟವನ ಜೊತೆ ಜಗಳಕ್ಕೆ ಹೋಗೋದೊಂದು ಬಾಕಿ ಇತ್ತು.

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕು, ಆಡುವಾಗ ಪರದೆ ಮೂಲೆಯಲ್ಲಿ ಜಿಪಿಯು ಯೂಸೇಜ್ (ಕಾರ್ಡ್ ಎಷ್ಟು ಪರ್ಸೆಂಟ್ ದುಡಿಯುತ್ತಿದೆ ಅನ್ನೋದು) ಕಾಣೋ ಹಾಗೆ ಮಾಡು ಅಂದೆ. ಪುಕ್ಕಟೆ ಸಿಗೋ ಸಾಫ್ಟ್‌ವೇರ್ ಅದು. ಕಾರ್ಡ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಓಡಾಡುತ್ತಿತ್ತು, ಅಷ್ಟೇ. ಆಮೇಲೆ ರೆಸಲ್ಯೂಶನ್ ಇಳಿಸಿ 720ಪಿ ಮಾಡು ಅಂದೆ. ಚಿತ್ರ ಮಬ್ಬಾಯಿತು, ಎಫ್‌ಪಿಎಸ್ ಅಲ್ಲಾಡಲಿಲ್ಲ. ಇದಕ್ಕಿಂತ ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ. ರೆಸಲ್ಯೂಶನ್ ಇಳಿಸಿದಾಗ ಎಫ್‌ಪಿಎಸ್ ಏರಿದರೆ ಕಾರ್ಡ್ ಸೋತಿದೆ. ಏರದಿದ್ದರೆ ಪ್ರೊಸೆಸರ್ ಕಡೆ ನೋಡಿ. ಆಟದೊಳಗೆ ವಿ-ಸಿಂಕ್ (ಮಾನಿಟರ್‌ನ ವೇಗಕ್ಕೆ ಫ್ರೇಮ್ ಹೊಂದಿಸೋ ಸೆಟ್ಟಿಂಗ್) ಅಥವಾ ಎಫ್‌ಪಿಎಸ್ ಲಿಮಿಟ್ ಹಾಕಿದ್ದರೆ ಮೊದಲು ತೆಗೆಯಬೇಕು. ಇಲ್ಲದಿದ್ದರೆ ಕಾರ್ಡ್ ಬೇಕಂತಲೇ ನಿಧಾನ ಮಾಡುತ್ತಿರುತ್ತದೆ, ನೀವು ಪ್ರೊಸೆಸರ್‌ಗೆ ಬೈಯುತ್ತಿರುತ್ತೀರಿ.

ಇಲ್ಲಿ ಬಹಳ ಜನ ಎಡವೋ ಜಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್. ಅದರಲ್ಲಿ ಪ್ರೊಸೆಸರ್‌ಗೆ ಸಿಪಿಯು ಅಂತ ಹೆಸರು. "ಸಿಪಿಯು 45 ಪರ್ಸೆಂಟ್ ಅಷ್ಟೇ ತೋರಿಸ್ತಿದೆ, ಹಾಗಾದ್ರೆ ಅದು ಆರಾಮಾಗಿದೆ ಅಲ್ವಾ?" ಅಲ್ಲ. ಅದು ಎಲ್ಲ ಕೋರ್‌ಗಳ, ಅಂದರೆ ಪ್ರೊಸೆಸರ್ ಒಳಗೆ ಬೇರೆ ಬೇರೆಯಾಗಿ ದುಡಿಯೋ ಭಾಗಗಳ, ಸರಾಸರಿ. ಹೆಚ್ಚಿನ ಗೇಮ್‌ಗಳಲ್ಲಿ ಒಂದು ಮುಖ್ಯ ಥ್ರೆಡ್ (ಒಂದು ಕೋರ್ ಹಿಡಿದು ಮಾಡೋ ಕೆಲಸದ ಸಾಲು) ಮೇಲೆ ಭಾರ ಜಾಸ್ತಿ. ಆ ಒಂದು ಕೋರ್ ಪೂರ್ತಿ ದುಡಿಯುತ್ತಿರುತ್ತದೆ, ಉಳಿದವು ಅದರ ದಾರಿ ಕಾಯುತ್ತಿರುತ್ತವೆ. ಅದಕ್ಕೇ ಕೋರ್ ಎಣಿಸಿ ಪ್ರೊಸೆಸರ್ ತಗೋಬೇಡಿ. ಒಂದೊಂದು ಕೋರ್ ಎಷ್ಟು ಚುರುಕು, ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರೋ ಪುಟ್ಟ ವೇಗದ ಮೆಮೊರಿ) ಎಷ್ಟಿದೆ ಅಂತ ನೋಡಿ.

ಕ್ಯಾಶ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ರೈಜೆನ್ 5 5600 ಪ್ರೊಸೆಸರ್ ಕೇಳಿದವರಿಗೆ 5600ಜಿ ಕೊಟ್ಟು "ಎರಡೂ ಒಂದೇ, ಇದರಲ್ಲಿ ಡಿಸ್‌ಪ್ಲೇನೂ ಬರ್ತದೆ" ಅನ್ನುವ ಅಂಗಡಿಯವರಿದ್ದಾರೆ. ಕಾರ್ಡ್ ಹಾಕದೆ ಇರುವವರಿಗೆ ಜಿ ಒಳ್ಳೆಯದೇ. ಕಾರ್ಡ್ ಹಾಕುವವರಿಗೆ ಎರಡೂ ಒಂದೇ ಅಲ್ಲ. ಎರಡಕ್ಕೂ 6 ಕೋರ್ ಇದ್ದರೂ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್, 5600ಜಿಯಲ್ಲಿ 16 ಎಂಬಿ. ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿಗೆ ಪಿಸಿಐಇ ಅಂತಾರೆ, ಜಿಯಲ್ಲಿ ಅದು ಹಳೆಯ 3.0 ಮಾತ್ರ. ಅದರ ಜೊತೆ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಿದರಂತೂ ಕೇಳೋದೇ ಬೇಡ. ಆ ಕಾರ್ಡಿಗೆ ಇರೋದೇ ಆ ದಾರಿಯಲ್ಲಿ 4 ಲೇನ್, ಮೆಮೊರಿಯೂ 4 ಜಿಬಿ. ಪಿಸಿಐಇ 3.0ಗೆ ಇಳಿದರೆ ದಾರಿ ಇನ್ನೂ ಕಿರಿದು. ಕ್ಯಾಶ್ ಎಷ್ಟು ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರ್ ನೋಡಿ. 96 ಎಂಬಿ ಎಲ್3. ಕ್ಲಾಕ್ ವೇಗ 5800ಎಕ್ಸ್‌ಗಿಂತ ಕಡಿಮೆ. ಆದರೂ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಅದೇ ಮುಂದೆ. ಬೇಕಾದ ಡೇಟಾ ಹತ್ತಿರದಲ್ಲೇ ಸಿಗುವುದರಿಂದ ರ‍್ಯಾಮ್ ತನಕ ಓಡಾಡೋದು ತಪ್ಪುತ್ತದೆ.

ರ‍್ಯಾಮ್ ಅಂದಾಗ ನೆನಪಾಯಿತು. 16 ಜಿಬಿಯ ಒಂದೇ ಸ್ಟಿಕ್ ಹಾಕಿಕೊಂಡು ಪ್ರೊಸೆಸರ್ ಸರಿಯಿಲ್ಲ ಅನ್ನೋರಿದ್ದಾರೆ. 8ರ ಎರಡು ಹಾಕಿ, ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡೋ ಸೆಟ್ಟಿಂಗ್, ಆನ್ ಮಾಡಿ, ಆಮೇಲೆ ಮಾತಾಡೋಣ.

ಇನ್ನು ಉಲ್ಟಾ ಕಥೆ. ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ ಮಾಡೋ ಗೆಳೆಯನೊಬ್ಬ. "ಐ7 ಪ್ರೊಸೆಸರ್ ಇದ್ರೆ ಐದು ವರ್ಷ ಯೋಚನೆ ಇಲ್ಲ" ಅಂತ ಯಾರೋ ತಲೆಗೆ ತುಂಬಿದ್ದಾರೆ. ಬಜೆಟ್ ಅಲ್ಲೇ ಮುಗಿದು ಕೊನೆಗೆ ಜಿಟಿಎಕ್ಸ್ 1650 ಕಾರ್ಡ್ ಸಿಕ್ಕಿಸಿದ್ದಾನೆ. ಮಾನಿಟರ್ ಬೇರೆ 1440ಪಿ. 2019ರ 4 ಜಿಬಿ ಕಾರ್ಡಿಗೆ ಆ ಪರದೆ ತುಂಬೋದು ಆಗದ ಮಾತು. ಕಾರ್ಡ್ ಸದಾ 99 ಪರ್ಸೆಂಟಿನಲ್ಲಿ, ಪ್ರೊಸೆಸರ್ ನಿದ್ದೆಯಲ್ಲಿ. ಆದರೆ ಇವನ ಸ್ಥಿತಿ ಮೇಲು ಅಂತಲೇ ನಾನು ಹೇಳುತ್ತೇನೆ. ಕಾರ್ಡ್ ಸೋತಾಗ ಸೆಟ್ಟಿಂಗ್ ಇಳಿಸಬಹುದು. ನೆರಳು ಕಡಿಮೆ ಮಾಡು, ರೆಸಲ್ಯೂಶನ್ ಕಡಿಮೆ ಮಾಡು, ಡಿಎಲ್‌ಎಸ್‌ಎಸ್ ಇಲ್ಲದ ಕಾರ್ಡಾದರೂ ಎಫ್‌ಎಸ್‌ಆರ್ ಆನ್ ಮಾಡು (ಎರಡೂ ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡಿ ತೋರಿಸೋ ತಂತ್ರಗಳು). ಏನಾದರೂ ಒಂದು ದಾರಿ ಇರುತ್ತದೆ. ಪ್ರೊಸೆಸರ್ ಸೋತರೆ ಇಳಿಸೋಕೆ ಸಿಗೋ ಸೆಟ್ಟಿಂಗ್ ಬಹಳ ಕಡಿಮೆ. ಸೈಬರ್‌ಪಂಕ್‌ನಲ್ಲಿ ಕ್ರೌಡ್ ಡೆನ್ಸಿಟಿ, ಜಿಟಿಎ 5ರಲ್ಲಿ ಪಾಪ್ಯುಲೇಶನ್ ಡೆನ್ಸಿಟಿ, ದೂರದ ವಸ್ತು ಎಷ್ಟು ಕಾಣಬೇಕು ಅನ್ನೋದು, ರೇ ಟ್ರೇಸಿಂಗ್. ಹೌದು, ರೇ ಟ್ರೇಸಿಂಗ್ ಕಾರ್ಡಿಗೆ ಮಾತ್ರವಲ್ಲ, ಪ್ರೊಸೆಸರ್‌ಗೂ ಭಾರ.

ಪ್ರೊಸೆಸರ್ ಸೋತಾಗಿನ ಜರ್ಕ್ ಕೂಡ ಬೇರೆ ತರಹ. ಸರಾಸರಿ 60 ತೋರಿಸುತ್ತಿರುತ್ತದೆ, ಆದರೆ ನಡುವೆ ಒಂದೊಂದು ಫ್ರೇಮ್ 50 ಮಿಲಿಸೆಕೆಂಡ್ ತಡ ಮಾಡುತ್ತದೆ. ಕಣ್ಣಿಗೆ ಬೀಳೋದು ಆ ತಡವೇ. ಹಾಗಾಗಿ ಸರಾಸರಿ ಬಿಟ್ಟು 1 ಪರ್ಸೆಂಟ್ ಲೋ, ಅಂದರೆ ಅತಿ ನಿಧಾನದ ಒಂದು ಪರ್ಸೆಂಟ್ ಫ್ರೇಮ್‌ಗಳ ಎಫ್‌ಪಿಎಸ್ ಹೇಳೋ ಅಂಕಿ, ನೋಡಿ. ಸರಾಸರಿ 90, ಲೋ 30 ಇರೋ ಕಂಪ್ಯೂಟರ್‌ಗಿಂತ ಸರಾಸರಿ 65, ಲೋ 52 ಇರೋದು ನನಗೆ ಇಷ್ಟ.

ಯೂಟ್ಯೂಬ್ ಗ್ರಾಫ್ ನಂಬಿ ತಗೊಳ್ಳೋರಿಗೆ ಒಂದು ಮಾತು. ಕಾರ್ಡ್ ಪರೀಕ್ಷೆ ಮಾಡುವವರು ಬೇಕಂತಲೇ ಅತಿ ವೇಗದ ಪ್ರೊಸೆಸರ್ ಹಾಕಿರುತ್ತಾರೆ. ಪ್ರೊಸೆಸರ್ ಅಡ್ಡ ಬರಬಾರದು ಅಂತ. ಅವರ ಲೆಕ್ಕಕ್ಕೆ ಅದು ಸರಿ. ಆದರೆ ಆ ಗ್ರಾಫ್ ನಿಮ್ಮ ಮನೆಯದಲ್ಲ. ಇಂಟೆಲ್‌ನ ಆರ್ಕ್ ಬಿ580 ಕಾರ್ಡ್ ಡಿಸೆಂಬರ್ 2024ರಲ್ಲಿ 249 ಡಾಲರ್ ಬೆಲೆಗೆ, 12 ಜಿಬಿ ಮೆಮೊರಿ ಜೊತೆ ಬಂದಾಗ ಎಲ್ಲರೂ ಹೊಗಳಿದರು. ಮುಂದಿನ ತಿಂಗಳು ಕೆಲವರು ಅದನ್ನು ರೈಜೆನ್ 5 2600ರಂಥ ಹಳೆ ಪ್ರೊಸೆಸರ್ ಜೊತೆ ಓಡಿಸಿ ನೋಡಿದಾಗ ಕೆಲವು ಗೇಮ್‌ಗಳಲ್ಲಿ ಬಹಳ ಕೆಳಗೆ ಬಿತ್ತು. ಆಗ ಅದರ ಡ್ರೈವರ್‌ಗೇ (ಕಾರ್ಡನ್ನು ಓಡಿಸೋ ಸಾಫ್ಟ್‌ವೇರ್) ಪ್ರೊಸೆಸರ್‌ನ ಕೆಲಸ ಜಾಸ್ತಿ ಬೇಕಿತ್ತು. ಕಡಿಮೆ ಬೆಲೆಯ ಕಾರ್ಡ್ ಕೊಳ್ಳೋರ ಮನೆಯಲ್ಲೇ ಅಲ್ವಾ ಹಳೆ ಪ್ರೊಸೆಸರ್ ಇರೋದು?

ಫ್ರೇಮ್ ಜನರೇಶನ್ ಬಂದಮೇಲೆ ಇನ್ನೊಂದು ವಾದ ಶುರುವಾಗಿದೆ, ಪ್ರೊಸೆಸರ್ ಹೇಗಿದ್ದರೂ ನಡೆಯುತ್ತದೆ ಅಂತ. 2022ರಲ್ಲಿ ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್‌ಗಳ ಜೊತೆ ಬಂದ ಈ ಫ್ರೇಮ್ ಜನರೇಶನ್ ಎರಡು ಫ್ರೇಮಿನ ನಡುವೆ ಒಂದು ಫ್ರೇಮನ್ನು ಕಾರ್ಡಿನಲ್ಲೇ ಹುಟ್ಟಿಸುತ್ತದೆ, ಪ್ರೊಸೆಸರ್‌ನ ಹಂಗಿಲ್ಲ. ಮೂಲೆಯಲ್ಲಿನ ಅಂಕಿ ಏರುತ್ತದೆ, ನಿಜ. ಆದರೆ ಮೌಸ್ ಒತ್ತಿದ್ದಕ್ಕೆ ಆಟ ಉತ್ತರ ಕೊಡೋದು ಮೂಲ ಫ್ರೇಮ್‌ಗಳ ಲೆಕ್ಕದಲ್ಲೇ. 30ನ್ನು 60 ಮಾಡಿಕೊಂಡು ಆಡಿ ನೋಡಿ, ಕೈಗೆ ಭಾರ ಗೊತ್ತಾಗುತ್ತದೆ.

ನಮ್ಮೂರಿನ ಒಂದು ಕಾಯಿಲೆ ಯಾವ ಗ್ರಾಫ್‌ನಲ್ಲೂ ಬರೋದಿಲ್ಲ. ಹೊಲಿಗೆ ಶೆಡ್ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟ ಒಬ್ಬರು, ಆಟ ಶುರುವಲ್ಲಿ ಚೆನ್ನಾಗಿ ಓಡಿ ಸ್ವಲ್ಪ ಹೊತ್ತಿಗೆ ಅರ್ಧಕ್ಕೆ ಬೀಳುತ್ತದೆ ಅಂದರು. ಅವರದು ಐ5-12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಕಾರ್ಡ್. ನನ್ನ ಕಣ್ಣಿಗೆ ಬಹಳ ಹೊಂದಿಕೆಯ ಜೋಡಿ. ಡಬ್ಬ ಬಿಚ್ಚಿದರೆ ಪ್ರೊಸೆಸರ್ ಫ್ಯಾನಿನ ಕೆಳಗಿನ ಹೀಟ್‌ಸಿಂಕ್ ತುಂಬ ಡೆನಿಮ್ ನಾರು, ನೀಲಿ ಹಾಸಿಗೆ ಹಾಸಿದಂತೆ. ಗಾಳಿ ಆಡೋಕೆ ಸಂದಿಯೇ ಇಲ್ಲ. ಹೊರಗೆ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದೆ, ಒಳಗೆ ಪ್ರೊಸೆಸರ್ 100 ಮುಟ್ಟುತ್ತಿದೆ. ಅಷ್ಟು ಬಿಸಿಯಾದರೆ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಬ್ಲೋವರ್ ಹಿಡಿದು ಊದಿ, ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸೋ ಲೇಪ) ಹೊಸದು ಹಚ್ಚಿದ್ದೇ ಚಿಕಿತ್ಸೆ. ಸಂಡೂರು ರಸ್ತೆ ಕಡೆಯವರಿಗೆ ನಾರಿನ ಬದಲು ಕೆಂಪು ಧೂಳು, ಅಷ್ಟೇ ವ್ಯತ್ಯಾಸ. ಕಾರ್ಡ್ ಬದಲಿಸೋ ಮೊದಲು ಒಮ್ಮೆ ಡಬ್ಬ ಬಿಚ್ಚಿ.

ಅಕ್ಕನ ಮಗನ ವಿಷಯಕ್ಕೆ ಬಂದರೆ, ಅವನ ಮದರ್‌ಬೋರ್ಡ್ ಬಿ450. ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರೋ ಜಾಗ) ಪುಣ್ಯ ಅಂದರೆ ಬಯಾಸ್ ಅಪ್‌ಡೇಟ್ ಮಾಡಿದರೆ ಅದೇ ಬೋರ್ಡಿನಲ್ಲಿ ರೈಜೆನ್ 5 5600 ಕೂರುತ್ತದೆ. ಬೋರ್ಡ್, ರ‍್ಯಾಮ್ ಎರಡೂ ಉಳಿದವು. ಅಪ್‌ಡೇಟನ್ನು ಹಳೆ ಪ್ರೊಸೆಸರ್ ಇರುವಾಗಲೇ ಮಾಡಬೇಕು, ತೆಗೆದಮೇಲೆ ಅಲ್ಲ. ಬಯಾಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಕಥೆ ಮುಗಿಯಬಹುದು, ಬೇಸಿಗೆ ಮಧ್ಯಾಹ್ನ ನಮ್ಮಲ್ಲಿ ಕರೆಂಟಿನ ಮೇಲೆ ನಂಬಿಕೆ ಇಡೋ ಹಾಗಿಲ್ಲ. ಅದಕ್ಕೆ ಯುಪಿಎಸ್ ಹೊತ್ತುಕೊಂಡೇ ಹೋದೆ. ಅಕ್ಕ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದ್ದಳು, ಎಣ್ಣೆ ಕೈಯಲ್ಲಿ ಪ್ರೊಸೆಸರ್ ಮುಟ್ಟಬೇಡ ಅಂತ ಹುಡುಗನನ್ನು ದೂರ ಕೂರಿಸಿದ್ದಾಯಿತು.

5600 ಕೂತಮೇಲೆ ಆಟದ ಅದೇ ರಸ್ತೆಯಲ್ಲಿ ಕಾರ್ಡ್ 97, 98 ಪರ್ಸೆಂಟಿಗೆ ಏರಿತು. ಆಟ 60ರ ಮೇಲೆ, ಜರ್ಕ್ ಬಹುಪಾಲು ಮಾಯ. ಬಿ450ಯಲ್ಲಿ ಪಿಸಿಐಇ 3.0 ಇರೋದರಿಂದ 8 ಲೇನಿನ ಆ ಕಾರ್ಡಿಗೆ ಸ್ವಲ್ಪ ನಷ್ಟ ಇದ್ದೇ ಇದೆ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಈಗ ಅವನು ಜಿಪಿಯು 98 ಪರ್ಸೆಂಟ್ ನೋಡಿ ಗಾಬರಿಯಾಗಿದ್ದಾನೆ. "ಮಾಮಾ, ಈಗ ಕಾರ್ಡ್ ಸಾಲ್ತಿಲ್ಲ ಅಂತ ಅರ್ಥ ಅಲ್ವಾ?" ಕಾರ್ಡ್ ಪೂರ್ತಿ ದುಡಿಯೋದೇ ಸರಿಯಾದ ಸ್ಥಿತಿ, ಕೊಟ್ಟ ದುಡ್ಡು ಪೂರ್ತಿ ವಸೂಲಾಗೋದು ಆಗಲೇ ಅಂತ ಹೇಳಿದ್ದೇನೆ. ಅವನ ಮಾನಿಟರ್ 75 ಹರ್ಟ್ಜ್. ಹೊಸ ಕಾರ್ಡಿನ ಮಾತು ದೀಪಾವಳಿ ತನಕ ಎತ್ತಬೇಡ ಅಂದಿದ್ದೇನೆ, ಕೇಳುತ್ತಾನೆ ಅನ್ನೋ ಭರವಸೆ ಇಲ್ಲ.