ಎಪ್ಪತ್ತೇಳರ ಬದು ಎಲ್ಲಿದೆ?

ಐದನೇ ಸೆಮಿಸ್ಟರಿನ ಕಿರುಪರೀಕ್ಷೆಯೊಂದರಲ್ಲಿ ಹೋದ ಐದು ಅಂಕಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಪ್ರಶ್ನೆ ಒಂದೇ ಸಾಲಿನದು: 172.20.77.200/20 ಎಂಬ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಯಾವ ನೆಟ್‌ವರ್ಕಿಗೆ ಸೇರಿದ್ದು, ಆ ನೆಟ್‌ವರ್ಕಿನ ವಿಳಾಸ ಬರೆಯಿರಿ. ನಾನು ಹಿಂದೆಮುಂದೆ ನೋಡದೆ ಕೊನೆಯ 200ನ್ನು ಅಳಿಸಿ, ಅಲ್ಲೊಂದು ಸೊನ್ನೆ ಇಟ್ಟು, 172.20.77.0 ಎಂದು ಬರೆದು ಅಡಿಗೆರೆಯನ್ನೂ ಎಳೆದಿದ್ದೆ. ಉತ್ತರಪತ್ರಿಕೆ ಕೈಗೆ ಬಂದಾಗ ಆ ಅಡಿಗೆರೆಯ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಒಂದು ಪದವಿತ್ತು: ‘ಬದು?’

ಬೇರೆ ಕಾಲೇಜಿನವರಿಗೆ ಇದು ಅರ್ಥವಾಗುವ ಮಾತಲ್ಲ. ನಮ್ಮ ಬ್ಯಾಚಿನವರಿಗೆ ಅರ್ಥವಾಗುತ್ತಿತ್ತು, ಏಕೆಂದರೆ ಕಂಪ್ಯೂಟರ್ ನೆಟ್‌ವರ್ಕ್ಸ್ ಹೇಳಿಕೊಡುತ್ತಿದ್ದ ನಮ್ಮ ಮೇಷ್ಟ್ರು ಅಡಿಕೆ ತೋಟದ ಮನೆಯವರು. ಅಣ್ಣತಮ್ಮಂದಿರ ಹಿಸ್ಸೆಯ ತಕರಾರು ಅವರ ಮನೆಯಲ್ಲಿ ವರ್ಷಗಟ್ಟಲೆ ನಡೆದಿತ್ತು. ತಿಂಗಳಿಗೊಮ್ಮೆ ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋಗಿ ಬರುತ್ತಿದ್ದರು. ಮರುದಿನ ಯಾರಾದರೂ ಧೈರ್ಯ ಮಾಡಿ ‘ಏನಾಯಿತು ಸರ್?’ ಎಂದು ಕೇಳಿದರೆ, ‘ಪೋಡಿ ಇನ್ನೂ ಆಗಿಲ್ಲ’ ಎಂದಷ್ಟೇ ಹೇಳಿ ಬೋರ್ಡಿನ ಕಡೆ ತಿರುಗುತ್ತಿದ್ದರು. ಒಂದು ನೆಟ್‌ವರ್ಕನ್ನು ಸಣ್ಣ ಹೋಳುಗಳಾಗಿ ಹಂಚುವ ಸಬ್‌ನೆಟ್ ಪಾಠವನ್ನು ಅವರು ಪಹಣಿಯಿಂದ ಶುರು ಮಾಡಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

‘ಸರ್ವೆ ನಂಬರ್ ಎಪ್ಪತ್ತೇಳರಲ್ಲಿ ನೀನು ನಿಂತಿದ್ದೀಯ ಎಂದುಕೊ. ಆ ನಂಬರಿನಲ್ಲಿ ನಾಲ್ಕು ಹಿಸ್ಸೆಗಳಿವೆ. ಈಗ ಹೇಳು, ನೀನು ನಿಂತಿರುವ ಜಾಗ ಯಾರದ್ದು?’

‘ನಂಬರ್ ಒಂದರಿಂದಲೇ ಹೇಳಲು ಆಗುವುದಿಲ್ಲ ಸರ್.’

‘ಮತ್ತೆ ಯಾವುದರಿಂದ ಹೇಳುತ್ತೀಯ?’

‘ಬದು ನೋಡಬೇಕು.’

‘ಹಾಂ. ಆ ಬದುವಿಗೆ ಇಲ್ಲಿ ಸಬ್‌ನೆಟ್ ಮಾಸ್ಕ್ ಎನ್ನುತ್ತಾರೆ.’

ಇಷ್ಟು ಚೆನ್ನಾಗಿ ಹೇಳಿಸಿಕೊಂಡೂ ನಾನು ಪರೀಕ್ಷೆಯಲ್ಲಿ ಬದುವನ್ನೇ ನೋಡಿರಲಿಲ್ಲ. /20 ಎಂಬುದು ಕಣ್ಣೆದುರಿಗೇ ಇತ್ತು. ಐಪಿ ವಿಳಾಸದ 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಕೂರುವ ಸ್ಥಾನಗಳಲ್ಲಿ, ಮೊದಲ 20 ನೆಟ್‌ವರ್ಕಿನವು, ಉಳಿದ 12 ಆ ನೆಟ್‌ವರ್ಕಿನೊಳಗಿನ ಯಂತ್ರಗಳವು ಎಂಬುದು ಅದರ ಅರ್ಥ. ಎಂಟೆಂಟರ ಗುಂಪು ಮಾಡಿದರೆ ಎರಡು ಗುಂಪು ಪೂರ್ತಿ ತುಂಬಿ, ಮೂರನೆಯದರಲ್ಲಿ ನಾಲ್ಕು ಬಿಟ್‌ಗೆ ನಿಲ್ಲುತ್ತದೆ: 11110000, ಅಂದರೆ 240. ಹಾಗಾಗಿ ಮಾಸ್ಕ್ 255.255.240.0. ಬದು ಬಿದ್ದಿರುವುದು ಮೂರನೆಯ ಅಂಕಿಯ ನಟ್ಟನಡುವೆ, ಎಪ್ಪತ್ತೇಳರ ಹೊಟ್ಟೆಯೊಳಗೆ. ನಾನು ಅದನ್ನು ಚುಕ್ಕಿಯ ಪಕ್ಕಕ್ಕೆ ತಂದು ಹಾಕಿದ್ದೆ. ತರಗತಿಯ ಮುಕ್ಕಾಲು ಪಾಲು ಮಂದಿ ಹಾಗೆಯೇ ಮಾಡಿದ್ದರು ಎನ್ನುವುದಷ್ಟೇ ಸಮಾಧಾನ.

ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಆದರೆ ಅವರು ಬೈಯಲಿಲ್ಲ. ಮಧ್ಯಾಹ್ನದ ಪ್ರಾಕ್ಟಿಕಲ್‌ಗೆ ಕಂಪ್ಯೂಟರ್ ಲ್ಯಾಬಿನ ಬದಲು ನಮ್ಮನ್ನು ಪಕ್ಕದ ಎಲೆಕ್ಟ್ರಾನಿಕ್ಸ್ ವಿಭಾಗದ ಡಿಜಿಟಲ್ ಲ್ಯಾಬಿಗೆ ಕರೆದುಕೊಂಡು ಹೋದರು. ಚಪ್ಪಲಿ ಹೊರಗೆ ಬಿಡುವ ಪದ್ಧತಿ ಅಲ್ಲಿರಲಿಲ್ಲವಾದರೂ ನಾವು ಅಭ್ಯಾಸಬಲದಿಂದ ಬಿಟ್ಟೇ ಹೋದೆವು. ಅಲ್ಲಿನ ಸಹಾಯಕರು ಗೊಣಗುತ್ತಲೇ ಸರ್ಕ್ಯೂಟ್ ಜೋಡಿಸಿ ನೋಡುವ ಎರಡು ಟ್ರೈನರ್ ಕಿಟ್‌ಗಳನ್ನೂ ಡಬ್ಬಿಯಿಂದ ಆಯ್ದ ಎರಡು 7408 ಐಸಿಗಳನ್ನೂ ಕೊಟ್ಟರು. ಒಂದು 7408ರೊಳಗೆ ನಾಲ್ಕು ಆ್ಯಂಡ್ ಗೇಟ್‌ಗಳಿರುತ್ತವೆ. ಎರಡು ಸೇರಿದರೆ ಎಂಟು. ವಿಳಾಸದ ಒಂದೊಂದು ಬಿಟ್ಟನ್ನೂ ಮಾಸ್ಕಿನ ಬಿಟ್ಟಿನೊಂದಿಗೆ ಆ್ಯಂಡ್ ಮಾಡಿದರೆ ಬರುವುದೇ ನೆಟ್‌ವರ್ಕಿನ ವಿಳಾಸ. ಎಂಟು ಬಿಟ್‌ಗೆ ಎಂಟು ಗೇಟ್, ಸರಿಯಾದ ಲೆಕ್ಕ.

ವೈರ್ ಜೋಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಮೇಲಿನ ಕಿಟ್ಟಿನ ಎಂಟು ಸ್ವಿಚ್ಚುಗಳು ವಿಳಾಸಕ್ಕೆ, ಕೆಳಗಿನ ಕಿಟ್ಟಿನ ಎಂಟು ಮಾಸ್ಕಿಗೆ, ಗೇಟಿನ ಇನ್ನೊಂದು ತುದಿಗೆ ಸಾಲಾಗಿ ಎಂಟು ಕೆಂಪು ಎಲ್‌ಇಡಿಗಳು. ಮೊದಲ ಸಲ ಸ್ವಿಚ್ ಹಾಕಿದಾಗ ದೀಪಗಳು ತಮಗೆ ತೋಚಿದಂತೆ ಹತ್ತಿ ಆರತೊಡಗಿದವು. ಎರಡು ಕಿಟ್‌ಗಳ ಗ್ರೌಂಡನ್ನು ಒಂದಕ್ಕೊಂದು ಸೇರಿಸುವುದನ್ನು ಮರೆತಿದ್ದೆವು. ನಮಗೆ ಅದು ಹೊಳೆಯುವವರೆಗೆ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಅವರಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಮೇಲಿನ ಸಾಲಿನಲ್ಲಿ ಎಪ್ಪತ್ತೇಳನ್ನು ಇಟ್ಟೆವು: 01001101. ಅಂದರೆ 64, 8, 4 ಮತ್ತು 1. ಕೆಳಗಿನ ಸಾಲಿನ ಎಂಟೂ ಸ್ವಿಚ್ಚುಗಳು ಮೇಲಕ್ಕಿದ್ದವು. ಎರಡು ಕಡೆಯೂ 1 ಇದ್ದರೆ ಮಾತ್ರ ಆ್ಯಂಡ್ ಗೇಟ್ 1 ಕೊಡುತ್ತದೆ, ಹಾಗಾಗಿ ಎಪ್ಪತ್ತೇಳು ಹಾಗೆಯೇ ಹೊರಗೆ ಬಂತು, ನಾಲ್ಕು ದೀಪ. ಆಗ ಮೇಷ್ಟ್ರು ನನ್ನನ್ನು ಕರೆದು ಮಾಸ್ಕಿನ ಸ್ವಿಚ್ಚುಗಳನ್ನು ಬಲಗಡೆಯಿಂದ ಒಂದೊಂದಾಗಿ ಕೆಳಕ್ಕೆ ತಳ್ಳಲು ಹೇಳಿದರು. ಮೊದಲನೆಯದನ್ನು ತಳ್ಳಿದೆ, ಒಂದರ ದೀಪ ಆರಿತು. ಎರಡನೆಯದಕ್ಕೆ ಏನೂ ಆಗಲಿಲ್ಲ, ಅದು ಮೊದಲೇ ಆರಿತ್ತು. ಮೂರನೆಯದಕ್ಕೆ ನಾಲ್ಕರ ದೀಪ, ನಾಲ್ಕನೆಯದಕ್ಕೆ ಎಂಟರ ದೀಪ. ಸಾಲಿನ ಎಡತುದಿಯಿಂದ ಎರಡನೆಯದು, ಅರವತ್ನಾಲ್ಕರ ದೀಪ, ಒಂಟಿಯಾಗಿ ಉರಿಯುತ್ತಾ ಉಳಿಯಿತು.

‘ಓದು’ ಎಂದರು.

‘172.20.64.0, ಸರ್.’

‘ಈಗ ಮೇಲಿನ ಸಾಲಿನ ಬಲಗಡೆಯ ನಾಲ್ಕು ಸ್ವಿಚ್ಚುಗಳನ್ನು ನಿನಗೆ ಬೇಕಾದ ಹಾಗೆ ಆಡಿಸು.’

ಆಡಿಸಿದೆ. ಅರವತ್ತೈದು ಮಾಡಿದೆ, ಎಪ್ಪತ್ತು ಮಾಡಿದೆ, ನಾಲ್ಕನ್ನೂ ಮೇಲಕ್ಕೆತ್ತಿ ಎಪ್ಪತ್ತೊಂಬತ್ತು ಮಾಡಿದೆ. ದೀಪ ಮಿಸುಕಲಿಲ್ಲ. ಬಳಿಕ ಅವರೇ ಕೈ ಚಾಚಿ ಎಡಗಡೆಯ ನಾಲ್ಕನೆಯ ಸ್ವಿಚ್ಚನ್ನು, ಹದಿನಾರರದ್ದನ್ನು, ಎತ್ತಿದರು. ಪಕ್ಕದಲ್ಲಿ ಇನ್ನೊಂದು ದೀಪ ಹತ್ತಿತು. ಅರವತ್ನಾಲ್ಕು, ಹದಿನಾರು, ಒಟ್ಟು ಎಂಬತ್ತು. ‘ಈಗ ಪಕ್ಕದವನ ಹೊಲಕ್ಕೆ ಕಾಲಿಟ್ಟೆ’ ಎಂದರು.

ಆ ನೆಟ್‌ವರ್ಕಿನ ಕೊನೆಯ ವಿಳಾಸ 172.20.79.255 ಎಂದು ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಲಿಲ್ಲ. ಮೊದಲನೆಯದು ಹೊಲದ ಹೆಸರು, ಕೊನೆಯದು ಹೊಲದ ಎಲ್ಲರಿಗೂ ಒಟ್ಟಿಗೆ ಸಾರುವ ಡಂಗುರ, ಅವೆರಡರಲ್ಲೂ ಯಾರೂ ಮನೆ ಕಟ್ಟುವ ಹಾಗಿಲ್ಲ ಎನ್ನುವುದು ಅವರ ಮಾತು. ಹನ್ನೆರಡು ಬಿಟ್‌ಗೆ 4096 ವಿಳಾಸ, ಎರಡು ಕಳೆದರೆ 4094. ಮರುವಾರ ಅವರೇ ಸುಲಭದ ದಾರಿಯನ್ನೂ ಕೊಟ್ಟರು. 256ರಲ್ಲಿ ಮಾಸ್ಕಿನ 240 ಕಳೆದರೆ 16. ಹದಿನಾರರ ಮಗ್ಗಿಯಲ್ಲಿ ಎಪ್ಪತ್ತೇಳನ್ನು ದಾಟದೆ ಎಲ್ಲಿಗೆ ನಿಲ್ಲುತ್ತೀಯೋ ಅದೇ ಉತ್ತರ. ಹದಿನಾರು ನಾಲ್ಕಲೆ ಅರವತ್ನಾಲ್ಕು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದು ಹಿಂದಿನ ಬೆಂಚಿನಿಂದ ಯಾರೋ ಗೊಣಗಿದ್ದು ಅವರಿಗೆ ಕೇಳಿಸಿರಬೇಕು. ಕೇಳಿಸಿಕೊಳ್ಳದವರ ಹಾಗೆ ಇದ್ದರು. ಮಗ್ಗಿ ಮೊದಲು ಕೊಟ್ಟಿದ್ದರೆ ನಾವು ಮಗ್ಗಿಯನ್ನಷ್ಟೇ ಕಲಿಯುತ್ತಿದ್ದೆವು ಎಂಬುದು ನನ್ನ ಅಭಿಪ್ರಾಯ. ನನ್ನ ಹಲವು ಸಹಪಾಠಿಗಳು ಇದನ್ನು ಒಪ್ಪುವುದಿಲ್ಲ.

ಇನ್ನೊಂದು ವಿಷಯದಲ್ಲಿ ಅವರಿಗೂ ಪಠ್ಯಪುಸ್ತಕಕ್ಕೂ ಜಗಳವಿತ್ತು. ಪುಸ್ತಕ ಎ, ಬಿ, ಸಿ ವರ್ಗಗಳಿಂದ ಶುರುವಾಗುತ್ತಿತ್ತು: ವಿಳಾಸದ ಮೊದಲ ಅಂಕಿ 192ರಿಂದ 223ರೊಳಗಿದ್ದರೆ ಸಿ ವರ್ಗ, ಮಾಸ್ಕ್ 255.255.255.0. 1981ರಲ್ಲಿ ಐಪಿಯ ನಿಯಮ ಬರೆದಾಗ ಇದು ಸರಿಯಾಗಿಯೇ ಇತ್ತು. 1985ರಲ್ಲಿ ಸಬ್‌ನೆಟ್ ಬಂತು, 1993ರಲ್ಲಿ ವರ್ಗಗಳ ಪದ್ಧತಿಯನ್ನೇ ಕೈಬಿಟ್ಟು ಬದುವನ್ನು ಎಲ್ಲಿ ಬೇಕಾದರೂ ಹಾಕಿಕೊಳ್ಳುವ ಕ್ರಮ ಬಂತು. ಓರೆಗೆರೆಯ ಮುಂದೆ ಬಿಟ್‌ಗಳ ಸಂಖ್ಯೆ ಬರೆಯುವ ರೂಢಿ ಆ ಕ್ರಮದ್ದೇ. ‘ವರ್ಗ ಸತ್ತು ಎಷ್ಟೋ ವರ್ಷವಾಯಿತು, ನಮ್ಮ ಸಿಲಬಸ್ಸಿನಲ್ಲಿ ಇನ್ನೂ ತಿಥಿ ಆಗಿಲ್ಲ’ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಪರೀಕ್ಷೆಗೆ ವರ್ಗಗಳನ್ನೇ ಬಾಯಿಪಾಠ ಮಾಡುತ್ತಿದ್ದೆವು.

ಆ ಸತ್ತ ವರ್ಗ ನನ್ನನ್ನು ಕಾಡಿದ್ದು ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ. ಮೂರು ಮಹಡಿಯ ಕಚೇರಿ. 192.168.10.0 ಎಂಬ ಒಂದೇ ಜಮೀನನ್ನು ನನಗಿಂತ ಮುಂಚೆ ಅಲ್ಲಿದ್ದವರು ಅರವತ್ನಾಲ್ಕರ ನಾಲ್ಕು ಹಿಸ್ಸೆ ಮಾಡಿ, ಮಹಡಿಗೊಂದು ಕೊಟ್ಟು, ಒಂದನ್ನು ಮುಂದಕ್ಕೆಂದು ಉಳಿಸಿದ್ದರು. ಮಾಸ್ಕ್ ಎಲ್ಲ ಕಡೆಯೂ 255.255.255.192. ಲೆಕ್ಕಪತ್ರ ವಿಭಾಗಕ್ಕೆ ಹೊಸ ಕಂಪ್ಯೂಟರ್‌ಗಳು ಬಂದವು, ನಾನೇ ಕುಳಿತು ವಿಳಾಸ ತುಂಬಿದೆ. ಎರಡು ದಿನದ ಮೇಲೆ ಅಲ್ಲಿಂದ ದೂರು ಬಂತು. ಒಂದು ಕಂಪ್ಯೂಟರಿಗೆ ಇಂಟರ್ನೆಟ್ ಬರುತ್ತಿದೆ, ಪಕ್ಕದ ಮೇಜಿನ ಪ್ರಿಂಟರ್ ಸಿಗುತ್ತಿದೆ, ಮೇಲಿನ ಮಹಡಿಯ ಸರ್ವರ್ ಮಾತ್ರ ಸಿಗುತ್ತಿಲ್ಲ. ಬೇರೆ ಯಾರಿಂದಲೂ ದೂರು ಬಂದಿರಲಿಲ್ಲ.

ಕೇಬಲ್ ಬದಲಿಸಿದೆ. ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಹೊಸ ಕನೆಕ್ಟರ್ ಹಾಕಿ ಕ್ರಿಂಪ್ ಮಾಡಿದೆ. ಆ್ಯಂಟಿವೈರಸ್ಸನ್ನು ಬೈದೆ. ಎರಡನೆಯ ದಿನ ಸಂಜೆ, ಕಚೇರಿ ಖಾಲಿಯಾದ ಮೇಲೆ, ಹಾಳೆಯೊಂದನ್ನು ತೆಗೆದುಕೊಂಡು 128, 64, 32, 16, 8, 4, 2, 1 ಎಂದು ಮೇಲೆ ಬರೆದುಕೊಂಡು ಕುಳಿತೆ. ಆ ಕಂಪ್ಯೂಟರಿನ ಕೊನೆಯ ಅಂಕಿ 70, ಸರ್ವರಿನದು 140. ಮಾಸ್ಕಿನ 192ರೊಂದಿಗೆ ಎಪ್ಪತ್ತನ್ನು ಆ್ಯಂಡ್ ಮಾಡಿದರೆ 64, ನೂರ ನಲವತ್ತನ್ನು ಮಾಡಿದರೆ 128. ಬೇರೆ ಬೇರೆ ಹೊಲ. ಆದ್ದರಿಂದ ಮಾತು ಗೇಟ್‌ವೇ ಮೂಲಕ, ಅಂದರೆ ಒಂದು ಹೊಲದಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರದ ಮೂಲಕ, ಹೋಗಬೇಕು. ಲೆಕ್ಕದಲ್ಲಿ ಯಾವ ದೋಷವೂ ಇಲ್ಲ. ಹಾಗಾದರೆ ಕಂಪ್ಯೂಟರ್ ಇದೇ ಲೆಕ್ಕ ಹಾಕುತ್ತಿದೆಯೇ? ಸೆಟ್ಟಿಂಗ್ ತೆರೆದು ನೋಡಿದೆ. ಮಾಸ್ಕಿನ ಜಾಗದಲ್ಲಿ 255.255.255.0 ಇತ್ತು.

ವಿಂಡೋಸ್‌ನಲ್ಲಿ 192ರಿಂದ ಶುರುವಾಗುವ ವಿಳಾಸ ತುಂಬಿ ಟ್ಯಾಬ್ ಒತ್ತಿದರೆ ಮುಂದಿನ ಸಾಲಿನಲ್ಲಿ ಸಿ ವರ್ಗದ ಮಾಸ್ಕನ್ನು ಅದು ತಾನೇ ತುಂಬಿಬಿಡುತ್ತದೆ. ನಾನು ತಿದ್ದದೆ ಮುಂದೆ ಹೋಗಿದ್ದೆ. ಆ ಮಾಸ್ಕಿನ ಪ್ರಕಾರ 70 ಮತ್ತು 140 ಎರಡೂ ಒಂದೇ ಹೊಲದವು. ಹಾಗಾಗಿ ಕಂಪ್ಯೂಟರ್ ಗೇಟ್‌ವೇ ಕಡೆ ತಲೆಯನ್ನೂ ಹಾಕದೆ, ತನ್ನ ಮಹಡಿಯಲ್ಲೇ ನಿಂತು ‘ನೂರ ನಲವತ್ತು ಯಾರು?’ ಎಂದು ಕೂಗುತ್ತಿತ್ತು. ನೂರ ನಲವತ್ತು ಇರುವುದು ಬದುವಿನ ಆಚೆ. ಕೂಗು ಅಲ್ಲಿಗೆ ಕೇಳಿಸುವುದೇ ಇಲ್ಲ. ಇಂಟರ್ನೆಟ್ಟಿನ ವಿಳಾಸಗಳು ಯಾವ ಲೆಕ್ಕದಲ್ಲೂ ಹೊರಗಿನವಾದ್ದರಿಂದ ಅವು ಗೇಟ್‌ವೇಗೇ ಹೋಗಿ ಸುಸೂತ್ರವಾಗಿ ಬರುತ್ತಿದ್ದವು. ಮೂರು ಅಂಕಿ ಒತ್ತಿ 192 ಮಾಡಿದೆ, ಸರ್ವರ್ ಸಿಕ್ಕಿತು.

ರಾತ್ರಿ ಒಂಬತ್ತಾಗಿತ್ತು. ತಡೆಯಲಾಗದೆ ಮೇಷ್ಟ್ರಿಗೆ ಫೋನ್ ಮಾಡಿದೆ. ಹೆಸರು ಹೇಳಿದಾಗ ಗುರುತು ಹತ್ತಲಿಲ್ಲ. ‘ಎಪ್ಪತ್ತೇಳು ಸೊನ್ನೆ ಬರೆದವನು ಸರ್’ ಎಂದಾಗ ಹತ್ತಿತು. ಎಲ್ಲವನ್ನೂ ಹೇಳಿದೆ. ಅವರು ಎಲ್ಲಿಯೂ ತಡೆಯದೆ ಕೇಳಿಸಿಕೊಂಡರು. ಹಿಂದಿನಿಂದ ಟಿವಿಯಲ್ಲಿ ವಾರ್ತೆಯ ಸದ್ದು ಬರುತ್ತಿತ್ತು.

‘ಆ ಮಾಸ್ಕ್ ತುಂಬಿದವರು ಯಾರು?’

‘ನಾನೇ ಸರ್.’

‘ಅವತ್ತು ಒಟ್ಟು ಎಷ್ಟು ಕಂಪ್ಯೂಟರಿಗೆ ತುಂಬಿದೆ?’

‘ಆರಕ್ಕೆ.’

‘ಹಾಗಾದರೆ ಫೋನ್ ಇಡು. ಉಳಿದ ಐದನ್ನೂ ನೋಡಿ ಮನೆಗೆ ಹೋಗು.’

ಫೋನ್ ಇಟ್ಟು ನೋಡಿದೆ. ಇನ್ನೂ ಎರಡು ಇದ್ದವು.