ಸೌಂಡ್ ಇದೆ, ಓಟ ಇಲ್ಲ

ನಮ್ಮ ಚಿಕ್ಕಪ್ಪನ ಮಗನ ಹತ್ರ ಒಂದು ಯಮಹಾ ಆರ್‌ಎಕ್ಸ್ 100 ಬೈಕ್ ಇದೆ. ಇದೆ ಅಂದ್ರೆ ಇಂಜಿನ್, ಟ್ಯಾಂಕ್, ಫ್ರೇಮ್ ಇಷ್ಟೇ ಯಮಹಾದು, ಮಿಕ್ಕಿದ್ದೆಲ್ಲ ಡರ್ಟಲ್ಲಿ, ಅಂದ್ರೆ ಮಣ್ಣು ಕೆಸರಲ್ಲಿ, ಓಡಿಸೋಕೆ ಅಂತ ಬದಲಾಗಿದೆ. ಎರಡೂ ಕಡೆ ಬಟನ್ ಟೈರ್, ಮುಂದಿನ ಮಡ್‌ಗಾರ್ಡ್ ಎತ್ತರಕ್ಕೆ, ಸೈಲೆನ್ಸರ್ ಮೇಲಕ್ಕೆ ತಿರುಗಿಸಿ ವೆಲ್ಡಿಂಗ್, ಹೆಡ್‌ಲೈಟ್ ಇಲ್ಲವೇ ಇಲ್ಲ. ಸಕಲೇಶಪುರ ಕಡೆ ನಮ್ಮ ತೋಟದ ಒಳಗೆ, ಗದ್ದೆ ಬಯಲಲ್ಲಿ ಓಡಿಸ್ತಾನೆ, ರೋಡಿಗೆ ತರಲ್ಲ. 1996ಕ್ಕೇ ಪ್ರೊಡಕ್ಷನ್ ನಿಂತ ಗಾಡಿ, ಈಗ ನೀಟಾಗಿರೋದಕ್ಕೆ ಲಕ್ಷದ ಮೇಲೆ ಹೇಳ್ತಾರೆ, ಇವ್ನು ಅದನ್ನ ಕೆಸರಲ್ಲಿ ಹೊರಳಾಡಿಸ್ತಾನೆ ಅಂತ ಬೆಂಗಳೂರಿನ ನನ್ನ ಫ್ರೆಂಡ್ಸ್ ಎದೆ ಬಡ್ಕೋತಾರೆ. ಅದು ಬೇರೆ ವಿಷಯ.

ಕಾಫಿ ಕೊಯ್ಲಿನ ಟೈಮಲ್ಲಿ ಊರಿಗೆ ಹೋಗಿದ್ದಾಗ ಬಂದು ಹೇಳಿದ, "ಅಣ್ಣಾ, ಗಾಡಿ ಎಳೀತಿಲ್ಲ, ಬೋರ್ ಹೋಗಿರ್ಬೇಕು, ಪಿಸ್ಟನ್ ಹಾಕ್ಬೇಕೇನೋ" ಅಂತ. ಬೋರ್ ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಗೋಡೆ. ಕೂತು ಓಡಿಸಿ ನೋಡಿದೆ. ಸ್ಟಾರ್ಟಿಂಗ್ ಚೆನ್ನಾಗಿದೆ, ಕಿಕ್ಕಲ್ಲಿ ಕಂಪ್ರೆಷನ್ ಗಟ್ಟಿಯಾಗೇ ಇದೆ, ಸಮತಟ್ಟಲ್ಲಿ ಮೆಲ್ಲಗೆ ಹೋದ್ರೆ ಏನೂ ಗೊತ್ತಾಗಲ್ಲ. ತೋಟದ ಏರಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ರೆ ಮಾತ್ರ ಇಂಜಿನ್ ಸೌಂಡ್ ಊರೆಲ್ಲ ಕೇಳೋ ಹಂಗೆ ಏರುತ್ತೆ, ಗಾಡಿ ಇದ್ದಲ್ಲೇ. ಇಳಿದು ಮೂಸಿದ್ರೆ ಸುಟ್ಟ ವಾಸನೆ. ಬೋರೂ ಅಲ್ಲ ಪಿಸ್ಟನ್ನೂ ಅಲ್ಲ, ಕ್ಲಚ್ ಜಾರ್ತಾ ಇತ್ತು. ಒಂದಕ್ಕೊಂದು ಒತ್ತಿಕೊಂಡಿರೋ ಪ್ಲೇಟುಗಳಿಂದ ಇಂಜಿನ್ ಬಲಾನ ಗೇರಿಗೆ ದಾಟಿಸೋದು ಕ್ಲಚ್, ಆ ಪ್ಲೇಟು ಜಾರಿದ್ರೆ ಇಂಜಿನ್ ಮಾತ್ರ ತಿರುಗುತ್ತೆ. ಇದನ್ನ ಮೊದಲು ನೋಡ್ದೆ ಬೋರಿಂಗ್‌ಗೆ ಇಂಜಿನ್ ಬಿಚ್ಚಿಸಿದೋರನ್ನ ನಾನೇ ನೋಡಿದೀನಿ, ಸಾವಿರಾರು ರೂಪಾಯಿ ಸುರಿದು ಕೊನೆಗೆ ಗಾಡಿ ಹಂಗೇ ಇರುತ್ತೆ.

ಆರ್‌ಎಕ್ಸನ್ನ ಡರ್ಟಲ್ಲಿ ಓಡಿಸಿದ್ರೆ ಕ್ಲಚ್ ಬೇಗ ಹೋಗೋದು ಸಹಜ ಬಿಡಿ. 98 ಸಿಸಿ ಟು-ಸ್ಟ್ರೋಕ್, ಅದರ 11 ಎಚ್‌ಪಿ ಸಿಗೋದೇ 7500 ಆರ್‌ಪಿಎಂ ಹತ್ರ. ಕೆಳಗೆ ದಮ್ಮಿಲ್ಲ. ಕೆಸರಲ್ಲಿ ಮೆಲ್ಲಗೆ ಹೋಗ್ಬೇಕು, ಆದ್ರೆ ಇಂಜಿನ್ ರೈಸ್ ಇಳೀಬಾರ್ದು, ಆಗ ಏನ್ ಮಾಡ್ತಾರೆ, ಹಾಫ್ ಕ್ಲಚ್, ಅಂದ್ರೆ ಲಿವರ್ ಅರ್ಧ ಹಿಡ್ಕೊಂಡು ರೈಸ್ ಕೊಡ್ತಾನೇ ಇರ್ತಾರೆ, ಆ ತಿಕ್ಕಾಟ ಎಲ್ಲ ಶಾಖ ಆಗಿ ಪ್ಲೇಟಿನ ಮೇಲೇ ಬೀಳುತ್ತೆ.

ಇವನ ಗಾಡೀಲಿ ಇನ್ನೊಂದೂ ಇತ್ತು. ಕ್ಲಚ್ ಲಿವರ್ ಹಿಡಿದ್ರೆ ಒಂಚೂರೂ ಲೂಸಿಲ್ಲ, ವೀಣೆ ತಂತಿ ಥರ ಟೈಟ್. "ಲಿವರ್ ಆಡೋದು ನಂಗೆ ಇಷ್ಟ ಇಲ್ಲ ಅಣ್ಣಾ, ಅದಕ್ಕೆ ಆಗಾಗ ಅಡ್ಜಸ್ಟರ್ ತಿರುಗಿಸ್ತೀನಿ" ಅಂದ. ಲೋ ಮಾರಾಯ, ಲಿವರ್ ಬುಡದಲ್ಲಿ ಎರಡರಿಂದ ಮೂರು ಮಿಲಿಮೀಟರ್ ಆಟ ಇರ್ಲೇಬೇಕು ಕಣೋ, ಅದಿಲ್ದೆ ಇದ್ರೆ ನೀನು ಕೈ ಬಿಟ್ರೂ ಕೇಬಲ್ ಕ್ಲಚ್ಚನ್ನ ಅರ್ಧ ಒತ್ತಿ ಹಿಡ್ಕೊಂಡೇ ಇರುತ್ತೆ ಅಂತ ಹೇಳಿದ್ಮೇಲೆ ಸುಮ್ನಾದ.

ಪಾರ್ಟ್ಸ್ ಸಿಗೋದೇ ದೊಡ್ಡ ಕಥೆ. ಟೌನಲ್ಲಿ ಒಂದು ಅಂಗಡಿಯಲ್ಲಿ "ಒರಿಜಿನಲ್ ಸಾರ್" ಅಂತ ಕೊಟ್ಟ ಸೆಟ್ಟಲ್ಲಿ ಪ್ಲೇಟುಗಳ ದಪ್ಪ ಒಂದೊಂದೂ ಒಂದೊಂದು ಥರ, ಒಂದರ ಅಂಚಲ್ಲಿ ಲೈನಿಂಗ್ (ಹಿಡಿತಕ್ಕೆ ಅಂಟಿಸಿರೋ ಪದರ) ಆಗ್ಲೇ ಎದ್ದಿತ್ತು. ದಪ್ಪ ಅಳೆಯೋ ವರ್ನಿಯರ್ ತಗೊಂಡು ಅಂಗಡಿ ಮುಂದೇ ಅಳೆದು ವಾಪಸ್ ಕೊಟ್ಟೆ, ಅವ್ರಿಗೆ ಸಿಟ್ಟು ಬಂತು, ಬರ್ಲಿ. ಕೊನೆಗೆ ಬೆಂಗಳೂರಿನ ಫ್ರೆಂಡ್ ಒಬ್ಬನಿಗೆ ಫೋನ್ ಮಾಡಿ ಜೆಸಿ ರೋಡಲ್ಲಿ ಹುಡುಕಿಸಿ, ಕ್ಲಚ್ ಪ್ಲೇಟು, ಸ್ಪ್ರಿಂಗು, ಆಯಿಲ್ ಸೋರದಂಗೆ ಸೈಡ್ ಕವರ್ ಅಡಿ ಹಾಕೋ ಪ್ಯಾಕಿಂಗು ಮೂರನ್ನೂ ಬಸ್ಸಲ್ಲಿ ಹಾಕಿಸ್ದೆ. ಬಂದ ರಾತ್ರಿನೇ ಪ್ಲೇಟುಗಳನ್ನ ಒಂದು ಹಳೇ ಐಸ್‌ಕ್ರೀಂ ಡಬ್ಬಿಯಲ್ಲಿ ಗೇರ್ ಆಯಿಲ್ ಹುಯ್ದು ನೆನೆಹಾಕಿದೆ. ಒಣಗಿದ ಪ್ಲೇಟನ್ನ ಹಂಗೇ ಹಾಕಿದ್ರೆ ಮೊದಲನೇ ಓಟದಲ್ಲೇ ಸುಟ್ಟು ಗಾಜಿನ ಥರ ನುಣುಪಾಗಿಬಿಡುತ್ತೆ.

ಬೆಳಿಗ್ಗೆ ಕಣದ ಪಕ್ಕ ಗಾಡಿ ನಿಲ್ಲಿಸಿದ್ವಿ, ಚಿಕ್ಕಮ್ಮ ಓಡಿ ಬಂದ್ರು. "ಕಾಫಿ ಹರವಿದೀವಿ ಕಣ್ರೋ, ಪೆಟ್ರೋಲ್ ಡೀಸೆಲ್ ವಾಸನೆ ಹಿಡಿದ್ರೆ ನಿಮ್ಮಪ್ಪ ತಗೋತಾನಾ ಇದನ್ನ?" ಅವರು ಹೇಳಿದ್ದು ಸರಿನೇ, ಕಾಫಿ ಬೀಜ ಎಂಥ ವಾಸನೆನೂ ಹೀರ್ಕೊಳತ್ತೆ. ಗಾಡಿ ತಳ್ಕೊಂಡು ಹಿಂದಿನ ಸೌದೆ ಶೆಡ್ಡಿಗೆ ಹೋದ್ವಿ.

ಆಯಿಲ್ ಇಳಿಸಿ, ಕಿಕ್ಕರ್ ಬಿಚ್ಚಿ, ಬ್ರೇಕ್ ಪೆಡಲ್ ದಾರಿಗೆ ಅಡ್ಡ ಬರ್ದಂಗೆ ಇಳಿಸಿದ್ದಾಯ್ತು. ಆಯಿಲ್ ಪಂಪನ್ನ ಇವ್ನು ಯಾವಾಗ್ಲೋ ತೆಗೆಸಿದಾನೆ, ಪೆಟ್ರೋಲಿಗೇ ಟು-ಟಿ ಆಯಿಲ್ ಬೆರೆಸ್ತಾನೆ, ಹಂಗಾಗಿ ಅದರ ಪೈಪು ಕೇಬಲ್ಲಿನ ತಾಪತ್ರಯ ಇರ್ಲಿಲ್ಲ. ಉಳಿದದ್ದು ಸೈಡ್ ಕವರಿನ ಸ್ಟಾರ್ ಸ್ಕ್ರೂಗಳು. ಯಾರಾದ್ರೂ ನನ್ನ ಕೇಳಿದ್ರೆ, ಕ್ಲಚ್ ಬದಲಾಯಿಸೋದು ಅರ್ಧ ಗಂಟೆ ಕೆಲಸ, ಕ್ಲಚ್ಚಿನ ತನಕ ಹೋಗೋದೇ ಕೆಲಸ. ಮೂವತ್ತು ವರ್ಷ ಕಳೆದಿರೋ ಗಾಡಿ, ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂ ಕವರಲ್ಲಿ ಕಚ್ಕೊಂಡು ಕೂತಿರುತ್ತೆ, ಅದರ ಮೇಲೆ ಎಷ್ಟು ಜನ ಮೆಕ್ಯಾನಿಕ್‌ಗಳು ಎಂಥೆಂಥ ಸ್ಕ್ರೂಡ್ರೈವರ್ ಹಾಕಿ ತಲೆ ಸವೆಸಿದಾರೋ. ಮಾಮೂಲಿ ಸ್ಕ್ರೂಡ್ರೈವರ್ ಮುಟ್ಟಲೇಬಾರ್ದು. ಇಂಪ್ಯಾಕ್ಟ್ ಡ್ರೈವರ್ ಅಂತ ಬರುತ್ತೆ, ಹಿಂದಿಂದ ಸುತ್ತಿಗೇಲಿ ಹೊಡೆದ್ರೆ ಬಿಟ್ಟು ಒಳಗೆ ಒತ್ತಿ ಅದೇ ಏಟಿಗೆ ತಿರುಗುತ್ತೆ. ಹಿಂದಿನ ರಾತ್ರಿನೇ ಸ್ಪ್ರೇ ಹೊಡೆದಿಟ್ಟಿದ್ದೆ. ಟಣ್ ಅಂತ ಏಟು ಬಿದ್ದು "ಟಿಕ್" ಅಂತ ಸ್ಕ್ರೂ ಬಿಡೋ ಸದ್ದು ಕೇಳಿದ್ರೆ ಏನು ಸಮಾಧಾನ ಗೊತ್ತಾ. ಒಂದು ಮಾತ್ರ ಹಠ ಹಿಡೀತು, ತಲೆ ಪೂರ್ತಿ ಹೋಗಿತ್ತು. ಸಣ್ಣ ಚಾಣ ಇಟ್ಟು ಅಂಚಿಗೆ ಓರೆಯಾಗಿ ಮೆಲ್ಲಗೆ ಹೊಡೀತಾ ಹೊಡೀತಾ ತಿರುಗಿಸ್ಬೇಕಾಯ್ತು, ಅಷ್ಟ್ರಲ್ಲಿ ಎರಡು ಸಲ ಕಾಫಿ ಬಂದು ಆರಿ ಹೋಯ್ತು.

ಸ್ಕ್ರೂಗಳು ಒಂದೇ ಉದ್ದ ಇರಲ್ಲ, ಇದನ್ನ ಮರೀಬೇಡಿ. ರಟ್ಟಿನ ಮೇಲೆ ಕವರಿನ ಆಕಾರ ಪೆನ್ನಲ್ಲಿ ಬರೆದು, ಯಾವ ತೂತಿಂದ ಬಂತೋ ಅಲ್ಲೇ ಚುಚ್ಚಿಟ್ವಿ. ಉದ್ದ ಸ್ಕ್ರೂನ ಗಿಡ್ಡ ತೂತಿಗೆ ಹಾಕಿ ಬಿಗಿದ್ರೆ ಕ್ರ್ಯಾಂಕ್‌ಕೇಸ್ ಥ್ರೆಡ್ ಕಿತ್ತು ಬರುತ್ತೆ, ಆಮೇಲೆ ಲೇತಿನವನ ಬಾಗಿಲು ಕಾಯ್ಬೇಕು.

ಕವರ್ ರಬ್ಬರ್ ಸುತ್ತಿಗೇಲಿ ತಟ್ಟಿ ಎಳೆದ್ರೆ ಒಳಗೆ ಕ್ಲಚ್ ಕಣ್ಣೆದುರಿಗೇ. ಸ್ಪ್ರಿಂಗ್ ಬೋಲ್ಟುಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, ಪ್ರೆಷರ್ ಪ್ಲೇಟ್ ತೆಗೆದು, ಒಂದೊಂದೇ ಪ್ಲೇಟ್ ಎಳೆದು ಬಂದ ಸಾಲಲ್ಲೇ ಪೇಪರ್ ಮೇಲೆ ಜೋಡಿಸಿದೆ. ಲೈನಿಂಗ್ ಇರೋ ಪ್ಲೇಟುಗಳು ಕಪ್ಪಗೆ ಸುಟ್ಟು ಹೊಳೀತಿದ್ವು, ಉಗುರಲ್ಲಿ ಕೆರೆದ್ರೆ ಪುಡಿ ಬರ್ತಿತ್ತು. ಹೊಸದು ವರ್ನಿಯರ್‌ಗೆ 3 ಮಿಲಿಮೀಟರ್ ತೋರಿಸ್ತು, ಹಳೇದು 2.6ರ ಆಸುಪಾಸು. ಅಷ್ಟೇನಾ ಅಂದ ಇವನು. ಒಂದೊಂದರಲ್ಲೂ ಅಷ್ಟಷ್ಟು ಸವೆದು, ಒಟ್ಟು ಸೇರಿ ಆ ಸ್ಪ್ರಿಂಗು ಅಷ್ಟು ದೂರ ಚಾಚ್ಕೋಬೇಕಲ್ಲ, ಒತ್ತಡ ಎಲ್ಲಿಂದ ಬರುತ್ತೆ. ಹಳೇ ಸ್ಪ್ರಿಂಗನ್ನ ಹೊಸದರ ಪಕ್ಕ ಮೇಜಿನ ಮೇಲೆ ನಿಲ್ಲಿಸಿ ತೋರಿಸ್ದೆ, ಬರಿಗಣ್ಣಿಗೇ ಗಿಡ್ಡ ಕಾಣ್ತು. ಪ್ಲೇಟ್ ಮಾತ್ರ ಹಾಕಿ ಸ್ಪ್ರಿಂಗ್ ಹಳೇದೇ ಬಿಡೋರು ಇದಾರೆ, ಅದು ಜಿಪುಣತನ.

ಸ್ಟೀಲ್ ಪ್ಲೇಟುಗಳಲ್ಲಿ ಒಂದೆರಡಕ್ಕೆ ನೀಲಿ ಬಣ್ಣ ತಿರುಗಿತ್ತು, ಅಂದ್ರೆ ಚೆನ್ನಾಗಿ ಕಾದಿದೆ. ಹಳೇ ಕನ್ನಡಿ ಗಾಜಿನ ಮೇಲೆ ಮಲಗಿಸಿ ಕೆಳಗೆ ಸಂದು ಅಳೆಯೋ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ ನೋಡಿದ್ವಿ, ಒಂದರಡಿ ನುಸುಳಿಬಿಡ್ತು. ಸೊಟ್ಟ ಆಗಿದೆ ಅಂತ ಅರ್ಥ. ಸೆಟ್ಟಲ್ಲಿ ಸ್ಟೀಲ್ ಪ್ಲೇಟೂ ಬಂದಿತ್ತು, ಬಚಾವ್. ಪ್ಲೇಟುಗಳು ಕೂರೋ ಬಟ್ಟಲು, ಅಂದ್ರೆ ಕ್ಲಚ್ ಬೆಲ್ಲಿನ ಬೆರಳುಗಳಲ್ಲಿ ಪ್ಲೇಟಿನ ಕಿವಿ ಬಡಿದು ಬಡಿದು ಸಣ್ಣ ಕಚ್ಚು ಬಿದ್ದಿತ್ತು, ಮೇಲ್ಮೇಲಿತ್ತು, ನಯವಾದ ಅರದಲ್ಲಿ ಉಜ್ಜಿ ಮಟ್ಟ ಮಾಡ್ದೆ. ಆಳವಾಗಿದ್ರೆ ಉಜ್ಜಿ ಪ್ರಯೋಜನ ಇಲ್ಲ, ಬೆಲ್ಲೇ ಹಾಕ್ಬೇಕು, ಇಲ್ಲಾಂದ್ರೆ ಪ್ಲೇಟು ಆ ಕಚ್ಚಲ್ಲಿ ಸಿಕ್ಕಿ ಕ್ಲಚ್ ಒತ್ತಿದ್ರೂ ಗಾಡಿ ಮುಂದಕ್ಕೆ ಎಳೀತಿರುತ್ತೆ.

ಲಿವರ್ ಹಿಡಿದಾಗ ಕ್ಲಚ್ಚನ್ನ ಒತ್ತಿ ಬಿಡಿಸೋ ಪುಷ್ ರಾಡ್ ಹತ್ರ ಒಂದು ಉಕ್ಕಿನ ಗುಂಡು ಇರುತ್ತೆ, ಬಟಾಣಿಗಿಂತ ಸಣ್ಣದು. ರಾಡ್ ಎಳೆದಾಗ ಆಯಿಲಿಗೆ ಅಂಟ್ಕೊಂಡು ಬಂದು ಎಲ್ಲೋ ಉರುಳಿ ಹೋಗುತ್ತೆ. ಅದಕ್ಕೇ ಮೊದಲೇ ಮ್ಯಾಗ್ನೆಟ್ ಇಟ್ಕೊಂಡು ತೆಗೆದು, ಇವನ ಅಂಗೈಲಿಟ್ಟು ಮುಷ್ಟಿ ಕಟ್ಟಿಸ್ದೆ, ಪಾಪ ಕೆಲಸ ಮುಗಿಯೋ ತನಕ ಒಂದೇ ಕೈಲಿ ಸ್ಪ್ಯಾನರ್ ಕೊಡ್ತಿದ್ದ.

ಜೋಡ್ಸೋದ್ರಲ್ಲಿ ಹೇಳೋ ಅಂಥದ್ದೇನಿಲ್ಲ. ಒಂದು ಲೈನಿಂಗ್ ಪ್ಲೇಟ್, ಒಂದು ಸ್ಟೀಲ್, ಹಂಗೇ ಸಾಲಾಗಿ, ಶುರುವಾಗೋದೂ ಮುಗಿಯೋದೂ ಲೈನಿಂಗ್ ಪ್ಲೇಟಲ್ಲಿ. ಸ್ಪ್ರಿಂಗ್ ಬೋಲ್ಟನ್ನ ಮತ್ತೆ ಎದುರುಬದುರು ಬಿಗಿದ್ರೆ ಸಾಕು, ಬಲ ತೋರಿಸ್ಬೇಡಿ, ಸಣ್ಣ ಬೋಲ್ಟು, ತುಂಡಾಗುತ್ತೆ. ಹಳೇ ಪ್ಯಾಕಿಂಗ್ ತೆಗೆಯೋಕೆ ಇವನು ಸ್ಕ್ರೂಡ್ರೈವರ್ ಎತ್ತಿದ, ಕಿತ್ಕೊಂಡು ಶೇವಿಂಗ್ ಬ್ಲೇಡ್ ಕೊಟ್ಟೆ. ಕವರಿನ ಮುಖದ ಮೇಲೆ ಒಂದು ಗೀರು ಬಿದ್ರೂ ಅಲ್ಲಿಂದ ಆಯಿಲ್ ಜಿನುಗುತ್ತೆ, ಆಮೇಲೆ ಎಷ್ಟು ಅನಾಬಾಂಡ್ ಪೇಸ್ಟ್ ಬಳಿದ್ರೂ ಅಷ್ಟೇ. ಸ್ಟಾರ್ ಸ್ಕ್ರೂಗಳನ್ನ ಮತ್ತೆ ಹಾಕ್ಲಿಲ್ಲ, ಅಷ್ಟಷ್ಟೇ ಉದ್ದದ ಅಲೆನ್ ಬೋಲ್ಟ್ ತಂದಿದ್ದೆ. ಹಳೇ ಗಾಡಿ ಪ್ಯೂರಿಸ್ಟ್‌ಗಳು ಬೈಕೊಳ್ಳಲಿ, ಮುಂದಿನ ಸಲ ಬಿಚ್ಚೋನು ನಾನೇ ತಾನೆ.

ಕೇಬಲ್ ಹಾಕಿ ಲಿವರ್‌ಗೆ ಆಟ ಕೊಟ್ಟು ಗೇರ್ ಆಯಿಲ್ ತುಂಬಿದ್ವಿ. ಕಾರಿಗೆ ಅಂತ ಬರೋ ಮೈಲೇಜ್ ಜಾಸ್ತಿ ಕೊಡೋ ಆಯಿಲ್ ಮನೇಲಿದೆ ಅಂತ ಇವನು ಎತ್ಕೊಂಡ್ ಬಂದಿದ್ದ, ಅದರಲ್ಲಿ ಜಾರಿಸೋ ಕೆಮಿಕಲ್ ಇರುತ್ತೆ, ಆಯಿಲಲ್ಲೇ ಮುಳುಗಿರೋ ಬೈಕ್ ಕ್ಲಚ್ಚಿಗೆ ಅದು ವಿಷ. ಬೈಕ್ ಆಯಿಲ್ ಬಾಟಲಿ ಮೇಲೆ ಜಾಸೋ ಎಂಎ ಅಂತ ಬರೆದಿರೋದು ಇದಕ್ಕೇ, ಇಂಥ ಕ್ಲಚ್ಚಿಗೆ ಆಗುತ್ತೆ ಅನ್ನೋ ಗುರುತು ಅದು.

ಟ್ರಯಲ್‌ಗೆ ಅದೇ ಏರು. ಟಾಪ್ ಗೇರಲ್ಲಿ ಕಮ್ಮಿ ಸ್ಪೀಡಿಂದ ಒಂದೇ ಸಲ ಪೂರ್ತಿ ರೈಸ್ ಕೊಡಿಸ್ದೆ, ಇಂಜಿನ್ ಗೊಣಗಿಕೊಂಡು ಗಾಡಿ ಜೊತೆಗೇ ಏರಿತು, ಸೌಂಡ್ ಒಂದು ಕಡೆ ಗಾಡಿ ಒಂದು ಕಡೆ ಆಗ್ಲಿಲ್ಲ. ಮೇಲೆ ಹೋಗಿ ಧೂಳೆಬ್ಬಿಸ್ಕೊಂಡು ತಿರುಗಿ ಬಂದ, ಬಂದವನೇ ಕೈ ಅಡ್ಜಸ್ಟರ್ ಮೇಲೆ ಹೋಯ್ತು. ನಾನು ಗುರಾಯಿಸಿದ್ದಕ್ಕೆ ವಾಪಸ್ ತಗೊಂಡ.

ಹಾಫ್ ಕ್ಲಚ್ ಹಿಡಿಯೋ ಚಾಳಿ ಬಿಡು ಅಂದ್ರೆ ಬಿಡಲ್ಲ ಇವನು, ಕೆಸರಲ್ಲಿ ಬಿಡೋಕೂ ಆಗಲ್ಲ. ಹಿಂದಿನ ಸ್ಪ್ರಾಕೆಟ್ಟಿಗೆ ಹಲ್ಲು ಜಾಸ್ತಿ ಇರೋದು ಹಾಕಿದ್ರೆ ಮೆಲ್ಲಗೆ ಹೋಗುವಾಗ್ಲೂ ಇಂಜಿನ್ ರೈಸಲ್ಲೇ ಇರುತ್ತೆ, ಕ್ಲಚ್ಚಿಗೆ ಅಷ್ಟು ಭಾರ ಕಮ್ಮಿ, ಟಾಪ್ ಸ್ಪೀಡ್ ಹೋಗುತ್ತೆ, ಗದ್ದೇಲಿ ಟಾಪ್ ಸ್ಪೀಡ್ ಯಾರಿಗೆ ಬೇಕು ಅಂತ ಹೇಳಿ ಬಸ್ ಹತ್ತಿದೆ. ಹಾಸನ ದಾಟಿರ್ಲಿಲ್ಲ, ಫೋನು. "ಅಣ್ಣಾ, ಎಷ್ಟು ಹಲ್ಲಿಂದು ಹಾಕ್ಸಲಿ? ಚೈನ್ ಸಾಲುತ್ತಾ?"