ಕಾರ್ಬುರೇಟರ್‌ಗೆ ಕೈ ಹಾಕುವ ಮುಂಚೆ

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ನನ್ನ ಗ್ಯಾರೇಜಿನಲ್ಲಿ 12 ದಿನ ನಿಂತಿತ್ತು. ಇಂಜಿನ್ ಕೆಲಸ ಮುಗಿದ ಮೇಲೆ ನಿಂತ ದಿನಗಳ ಲೆಕ್ಕ ಇದು. ಅದರಲ್ಲಿ 9 ದಿನ ನಾನು ಫಾಲ್ಟ್ ಇಲ್ಲದ ಕಡೆ ಹುಡುಕಿದ್ದೆ. ಹಳೆ ಗಾಡಿ ರಿಪೇರಿ ಕಲಿಯುತ್ತಿರುವ ಹುಡುಗರು ಯಾರಾದರೂ ಓದಲಿ ಅಂತ ಬರೆಯುತ್ತಿದ್ದೇನೆ.

ನನ್ನ ಗ್ಯಾರೇಜ್ ಇರುವುದು ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿ. ಹಳೆ ಟೂ ಸ್ಟ್ರೋಕ್ ಗಾಡಿಗಳೇ ಜಾಸ್ತಿ ಬರುತ್ತವೆ. ಈ ರೋಡ್‌ಕಿಂಗ್ 1984ರದ್ದು. ಚಾಮರಾಜಪೇಟೆಯ ಒಬ್ಬರು ನಿವೃತ್ತ ಬ್ಯಾಂಕ್ ನೌಕರರದ್ದು. ಹೊಸದಾಗಿ ತೆಗೆದುಕೊಂಡ ದಿನದಿಂದ ಅವರೊಬ್ಬರೇ ಓಡಿಸಿದ್ದಾರೆ. ಹೊಗೆ ಜಾಸ್ತಿ, ಎಳೆತ ಇಲ್ಲ, ಪೂರ್ತಿ ಇಂಜಿನ್ ಕೆಲಸ ಮಾಡಿಬಿಡು ಅಂದಿದ್ದರು. ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿದೆ. ಕನೆಕ್ಟಿಂಗ್ ರಾಡ್, ಬೇರಿಂಗ್, ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆಯ ರಬ್ಬರ್ ಆಯಿಲ್ ಸೀಲ್, ಗ್ಯಾಸ್ಕೆಟ್, ಪ್ಲಗ್‌ಗೆ ಕಿಡಿ ಕೊಡಲು ತೆರೆದು ಮುಚ್ಚುವ ಪಾಯಿಂಟ್, ಅದರ ಕಂಡೆನ್ಸರ್ ಎಲ್ಲಾ ಹೊಸದು. ಕ್ರ್ಯಾಂಕ್ ಪ್ರೆಸ್ ಮಾಡಿದ್ದು ಹೊರಗಿನ ಲೇತ್‌ನಲ್ಲಿ. ಜೋಡಿಸಿದ್ದು ಪೂರ್ತಿ ನಾನೇ.

ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಖುಷಿಯಲ್ಲಿ ಡಬಲ್ ರೋಡ್ ಕಡೆ ಒಂದು ರೌಂಡ್ ಹೊರಟೆ. ಶಾಂತಿನಗರ ಬಸ್ ನಿಲ್ದಾಣದ ಹತ್ತಿರ ಸಿಗ್ನಲ್ ಬಿತ್ತು. ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೇನೆ, ಇಂಜಿನ್ ಮಾತ್ರ ರೇಸ್ ಇಳಿಸುತ್ತಿಲ್ಲ. ಒಂದೇ ಸಮ ಕಿರುಚುತ್ತಿದೆ. ಸುಮಾರು ಹೊತ್ತಾದ ಮೇಲೆ ನಿಧಾನಕ್ಕೆ ಇಳಿಯಿತು. ಹಸಿರು ಬಿದ್ದು ಅರ್ಧ ಆಕ್ಸಿಲರೇಟರ್ ಕೊಟ್ಟರೆ ಉಸಿರು ಕಟ್ಟಿದ ಹಾಗೆ ಒಂದು ಕ್ಷಣ ಮಂಕಾಗಿ, ಆಮೇಲೆ ಎಳೆಯಿತು. ವಾಪಸ್ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಬಿಳಿ ಪ್ಲಗ್ ಅಂದರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಇದು ಎಲ್ಲ ಮೆಕ್ಯಾನಿಕ್‌ಗೂ ಗೊತ್ತು. ನನ್ನ ಕೈ ನೇರ ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬುರೇಟರ್‌ಗೆ ಹೋಯಿತು. ತಪ್ಪಾಗಿದ್ದು ಅಲ್ಲೇ.

ಮೊದಲ ದಿನ ಬಿಚ್ಚಿ ತೊಳೆದೆ. ಮಾರನೇ ದಿನ ಸೂಜಿಯನ್ನು ಒಂದು ಗೆರೆ ಮೇಲೆ ಎತ್ತಿದೆ. ಆಮೇಲೆ ಸ್ಪೇರ್ ಅಂಗಡಿಗಳಿರುವ ಜೆಸಿ ರಸ್ತೆಗೆ ಹೋಗಿ, ಪೆಟ್ರೋಲ್ ಜಾಸ್ತಿ ಬಿಡುವ ದೊಡ್ಡ ಮೇನ್ ಜೆಟ್ ತಂದೆ. ಅದೂ ಸಾಲದೆ ಇನ್ನೊಂದು ಸೈಜ್ ದೊಡ್ಡದು. ಫ್ಲೋಟ್ ಲೆವೆಲ್ ಏರಿಸಿದೆ. ಟ್ಯಾಂಕ್ ಮುಚ್ಚಳದ ತೂತು, ಪೆಟ್ರೋಲ್ ಕಾಕ್ ಎರಡೂ ನೋಡಿದೆ, ಸರಿ ಇದ್ದವು. ಒಂದೊಂದು ಬದಲಾವಣೆಗೂ ಗಾಡಿ ಒಂಚೂರು ಸುಧಾರಿಸಿದ ಹಾಗೆ ಕಾಣುತ್ತಿತ್ತು. ಆ ಒಂಚೂರೇ ನನಗೆ ಮೋಸ ಮಾಡಿತು. ಚೋಕ್ ಸ್ವಲ್ಪ ಎಳೆದು ಪೆಟ್ರೋಲ್ ಜಾಸ್ತಿ ಮಾಡಿದರೆ ಇಂಜಿನ್ ಕಿರುಚುವುದು ಬಿಟ್ಟು ಸುಮ್ಮನಾಗುತ್ತಿತ್ತು. ನೋಡು, ಕಾರ್ಬುರೇಟರೇ ಅಂತ ಇನ್ನೂ ಗಟ್ಟಿಯಾಗಿ ನಂಬಿದೆ.

9ನೇ ದಿನ ಗಾಡಿಯ ಯಜಮಾನರು ಬಂದರು. ಬೇಜಾರು ತೋರಿಸಲಿಲ್ಲ. ಸ್ಟೂಲ್ ಮೇಲೆ ಕೂತು ಹೇಳಿದರು: "ಏನಪ್ಪಾ, ಹೊಗೆ ಇತ್ತು, ಎಳೆತ ಇರ್ಲಿಲ್ಲ, ನಿಜ. ಆದ್ರೆ ಇಷ್ಟು ವರ್ಷದಲ್ಲಿ ಒಂದು ದಿನಾನೂ ಸಿಗ್ನಲಲ್ಲಿ ಹೀಗೆ ಕಿರುಚಿರ್ಲಿಲ್ಲ."

ಅವರು ಹೋದ ಮೇಲೆ ಆ ಮಾತು ತಲೆಯಲ್ಲೇ ಉಳಿಯಿತು. ಇಂಜಿನ್ ಇಳಿಸುವ ಮುಂಚೆ ಇದೇ ಕಾರ್ಬುರೇಟರ್, ಇದೇ ಜೆಟ್‌ನಲ್ಲಿ ಐಡಲಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ನಿಧಾನ ಓಟ, ಸರಿಯಾಗಿ ನಿಲ್ಲುತ್ತಿತ್ತು. ಬದಲಾಗಿದ್ದು ಇಂಜಿನ್ ಒಳಗೆ. ಮುಟ್ಟಿದ್ದು ನಾನು. ಹುಡುಕಬೇಕಾಗಿದ್ದು ನಾನು ಮುಟ್ಟಿದ ಕಡೆ ಅಲ್ವಾ?

ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸ್ ಅಂದರೆ ಒಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಎಳೆತ ಹುಟ್ಟಿ ಕಾರ್ಬುರೇಟರ್‌ನಿಂದ ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತದೆ. ಕೆಳಗೆ ಬಂದಾಗ ಒತ್ತಡ ಬಿದ್ದು ಅದು ಸಿಲಿಂಡರ್‌ಗೆ ಏರುತ್ತದೆ. ಬುಲೆಟ್‌ನಂಥ ಫೋರ್ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಸೀಲ್ ಹೋದರೆ ಆಯಿಲ್ ಸೋರುತ್ತದೆ, ಅಷ್ಟೇ. ಇಲ್ಲಿ ಹಾಗಲ್ಲ. ಯೆಜ್ಡಿಯ ಎಡಗಡೆ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬೆಳ್ಳಗೆ ಹೊಗೆ ಕಕ್ಕುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಬಲಗಡೆ, ಅಂದರೆ ಪಾಯಿಂಟ್ ಇರುವ ಕಡೆ ಹೋದರೆ ಬರೀ ಗಾಳಿ ಎಳೆಯುತ್ತದೆ. ಹೊಗೆ ಇಲ್ಲ, ಸೋರಿಕೆ ಇಲ್ಲ. ಗೊತ್ತೇ ಆಗುವುದಿಲ್ಲ.

ಹಾಗೇ ಓಡಿಸಿದರೆ ಅಪಾಯ. ಟೂ ಸ್ಟ್ರೋಕ್‌ಗೆ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿ ಆದರೆ ಬಿಸಿ ಏರುತ್ತದೆ, ಜೊತೆಗೆ ಆಯಿಲ್ಲೂ ಕಮ್ಮಿ. ಹೊಸ ಪಿಸ್ಟನ್ ಹಾಕಿದ ಗಾಡಿ ಸೀಜ್ ಆಗುವುದಕ್ಕೆ, ಅಂದರೆ ಪಿಸ್ಟನ್ ಕಚ್ಚಿಕೊಳ್ಳುವುದಕ್ಕೆ, ಇಷ್ಟು ಸಾಕು. ಆ 9 ದಿನದಲ್ಲಿ ನಾನು ಉದ್ದ ರೋಡಿಗೆ ತೆಗೆದುಕೊಂಡು ಹೋಗದೇ ಇದ್ದಿದ್ದು ಪುಣ್ಯ.

ಗಾಳಿ ಸೋರಿಕೆ ಹುಡುಕಲು, ಕಾರ್ಬುರೇಟರ್ ಇಂಜಿನ್‌ಗೆ ಸೇರುವ ಮ್ಯಾನಿಫೋಲ್ಡ್ ಜಾಯಿಂಟ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ರೇಸ್ ಬದಲಾಗುತ್ತಾ ಅಂತ ನೋಡುವ ರೂಢಿ ಇದೆ. ಅದನ್ನೂ ಮಾಡಿದ್ದೆ, ಏನೂ ಬದಲಾಗಿರಲಿಲ್ಲ. ಸೀಲ್ ಇರುವುದು ಕವರ್ ಒಳಗೆ, ಹಿಂದೆ. ಸ್ಪ್ರೇ ಅಲ್ಲಿಗೆ ಮುಟ್ಟುವುದೇ ಇಲ್ಲ. ಒತ್ತಡ ಕೊಟ್ಟು ನೋಡುವುದೊಂದೇ ದಾರಿ.

ಎರಡೂ ಸೈಲೆನ್ಸರ್ ಪೈಪ್ ಬಿಚ್ಚಿದೆ. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಹೊಗೆ ಹೋಗುವ ಬಾಯಿ ಎರಡು. ಎರಡಕ್ಕೂ ದಪ್ಪ ಟ್ಯೂಬ್ ರಬ್ಬರ್ ಇಟ್ಟು, ಪಟ್ಟಿ ಹಾಕಿ ಬಿಗಿದೆ. ಪಿಸ್ಟನ್ ಕೆಳಗೆ ತಂದೆ, ಆಗ ಮೇಲಿನ ಸಿಲಿಂಡರ್‌ಗೂ ಕೆಳಗಿನ ಕೇಸ್‌ಗೂ ದಾರಿ ತೆರೆದಿರುತ್ತದೆ. ಕಾರ್ಬುರೇಟರ್ ತೆಗೆದು ಆ ಬಾಯಿಗೆ ರಬ್ಬರ್ ಬಿರಡೆ ಹಾಕಿದೆ. ಅದರಲ್ಲಿ ಒಂದು ಸಣ್ಣ ಪೈಪ್. ಪೈಪಿನ ತುದಿಗೆ ಬಿಪಿ ನೋಡುವ ಮೀಟರ್. ಹೌದು, ಡಾಕ್ಟರ್ ತೋಳಿಗೆ ಸುತ್ತುತ್ತಾರಲ್ಲ, ಅದರ ಬಲ್ಬ್ ಮತ್ತು ಡಯಲ್. ಡಯಲ್‌ನಲ್ಲಿ 300 ಅಂದರೆ ಹತ್ತಿರ ಹತ್ತಿರ 6 ಪಿಎಸ್‌ಐ. ಈ ಕೆಲಸಕ್ಕೆ ಅಷ್ಟೇ ಬೇಕಾಗಿರುವುದು. ದಯವಿಟ್ಟು ಕಂಪ್ರೆಸರ್ ಪೈಪ್ ಮಾತ್ರ ಇಡಬೇಡಿ. ಒಳ್ಳೆ ಸೀಲೂ ಕಿತ್ತುಕೊಂಡು ಬರುತ್ತದೆ.

ಇಂಜಿನ್ ಗಟ್ಟಿ ಇದ್ದರೆ ಮುಳ್ಳು ಕೆಲವು ನಿಮಿಷ ಅಲ್ಲೇ ನಿಲ್ಲಬೇಕು. ನಿಮಿಷಕ್ಕೆ 1 ಪಿಎಸ್‌ಐ ಒಳಗೆ ಇಳಿದರೆ ಪರವಾಗಿಲ್ಲ. ನನ್ನದು ಬಲ್ಬ್ ಒತ್ತುವುದು ನಿಲ್ಲಿಸಿದ ತಕ್ಷಣ ಸೊಯ್ಯನೆ ಕೆಳಗೆ ಬಂತು. ಗ್ಯಾರೇಜಿನ ಹುಡುಗ ಸೋಪು ನೀರು ಬ್ರಷ್‌ನಲ್ಲಿ ಹಚ್ಚುತ್ತಾ ಹೋದ. ಹೆಡ್ ಸರಿ. ಸಿಲಿಂಡರ್ ಬುಡ ಸರಿ. ಕೇಸ್ ಜಾಯಿಂಟ್ ಸರಿ. ಬಲಗಡೆ ಕವರ್, ಪ್ಲೇಟ್ ಎಲ್ಲಾ ಬಿಚ್ಚಿ ಶಾಫ್ಟ್ ಸುತ್ತ ಹಚ್ಚಿದ. "ಅಣ್ಣಾ, ಇಲ್ಲಿ!" ಅಂದ. ಶಾಫ್ಟಿನ ಕೆಳಭಾಗದಲ್ಲಿ ಗುಳ್ಳೆ ಒಂದರ ಹಿಂದೆ ಒಂದು ಏಳುತ್ತಿತ್ತು.

ಸೀಲ್ ತೆಗೆದು ಬೆಳಕಿಗೆ ಹಿಡಿದೆ. ಒಳಗಿನ ತುಟಿಯಲ್ಲಿ ಅಕ್ಕಿ ನುಚ್ಚಿನಷ್ಟು ಹರಿದಿತ್ತು. ಸೀಲ್ ಕೂರಿಸುವಾಗ ಶಾಫ್ಟಿನ ಚೂಪು ಅಂಚಿಗೆ ತಾಗಿ ಕುಯ್ದಿದೆ. ಅಂಚಿನ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ತುಟಿಗೆ ಗ್ರೀಸ್ ಹಚ್ಚಿ ಜಾರಿಸಬೇಕು. ಅವತ್ತು ಗ್ರೀಸ್ ಹಚ್ಚಿದ್ದೆ, ಪ್ಲಾಸ್ಟಿಕ್ ಸುತ್ತಿರಲಿಲ್ಲ. ಅರ್ಧ ನಿಮಿಷದ ಕೆಲಸ ಅದು. ಲೇತ್‌ನವರ ಮೇಲೆ ಒಂದೆರಡು ಸಲ ಮನಸ್ಸಿನಲ್ಲೇ ಅನುಮಾನ ಪಟ್ಟಿದ್ದೆ. ಅವರ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪು ಇರಲಿಲ್ಲ.

ಹೊಸ ಸೀಲ್ ಹಾಕಿದೆ. ಮುಳ್ಳು ನಿಂತಿತು. ಐಡಲಿಂಗ್ ಸರಿಹೋಯಿತು. ಆದರೆ ಈಗ ಗಾಡಿ ಓಡಿಸಿದರೆ ಪಟ ಪಟ ಅಂತ ಮಿಸ್ಸಿಂಗ್, ಪ್ಲಗ್ ಕಪ್ಪು, ಹಿಂದೆ ಹೊಗೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಸೋರಿಕೆ ಮುಚ್ಚುವುದಕ್ಕೆ ನಾನು ತುಂಬಿದ ಪೆಟ್ರೋಲೆಲ್ಲಾ ಅಲ್ಲೇ ಇತ್ತು. ಒಂದೊಂದಾಗಿ ಹಿಂದಕ್ಕೆ ತಿರುಗಿಸಬೇಕಾಯಿತು. ಹಳೆ ಜೆಟ್ ಡಬ್ಬಿಯಲ್ಲಿತ್ತು, ಹಾಕಿದೆ. ಆದರೆ ಫ್ಲೋಟ್ ಮೊದಲು ಎಷ್ಟಿತ್ತು, ಏರ್ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು, ಯಾವುದೂ ಬರೆದಿಟ್ಟಿರಲಿಲ್ಲ. ಅದಕ್ಕೇ ಒಂದು ಇಡೀ ದಿನ ಹೋಯಿತು. ಈಗ ಗಾಡಿ ಬಂದ ತಕ್ಷಣ ಒಂದು ಪೇಪರ್ ಟೇಪ್ ಮೇಲೆ ಬರೆದು ಹ್ಯಾಂಡಲ್‌ಗೆ ಅಂಟಿಸುತ್ತೇನೆ.

ಕಡೆಗೆ ಇನ್ನೊಂದು ತಲೆನೋವು ಉಳಿದಿತ್ತು. 20 ನಿಮಿಷ ಓಡಿ ಬಿಸಿ ಆದರೆ ಮಿಸ್ಸಿಂಗ್ ಹೊಡೆದು ನಿಲ್ಲುತ್ತಿತ್ತು. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್. ಈ ಸಲ ಕಾರ್ಬುರೇಟರ್ ಮುಟ್ಟಲಿಲ್ಲ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್, ಸರಿಯಾಗಿತ್ತು. ಆದರೆ ತೆರೆಯುವಾಗ ಪಾಯಿಂಟ್ ಮಧ್ಯೆ ದಪ್ಪ ಕಿಡಿ ಹಾರುತ್ತಿತ್ತು. ಆ ಕಿಡಿ ತಡೆಯುವುದು ಕಂಡೆನ್ಸರ್ ಕೆಲಸ, ಅದು ಕೆಟ್ಟಿದೆ ಅಂತ ಅರ್ಥ. ಹೊಸದು, ಹಾಕಿ ಎರಡು ವಾರ ಆಗಿರಲಿಲ್ಲ. ಬಿಚ್ಚಿದ ಹಳೆ ಕಂಡೆನ್ಸರ್ ಬಿಸ್ಕತ್ ಡಬ್ಬಿಯಲ್ಲಿತ್ತು. ಅದನ್ನೇ ವಾಪಸ್ ಹಾಕಿದೆ. ಒಂದು ಗಂಟೆ ಓಡಿಸಿದೆ, ಒಂದು ಸಲವೂ ಮಿಸ್ಸಿಂಗ್ ಇಲ್ಲ. ಹೊಸ ಸ್ಪೇರ್ ಅಂದ ಮಾತ್ರಕ್ಕೆ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಈ ಗಾಡಿ ಮೈಸೂರಿನಲ್ಲಿ ತಯಾರಾಗುವುದು ನಿಂತಿದ್ದೇ 1996ರಲ್ಲಿ. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಗಾಡಿ ಪೂರ್ತಿ ಸರಿಹೋಗುವ ತನಕ ಹಳೆಯದನ್ನು ಎಸೆಯಬೇಡಿ.

ಸೀಲ್, ಕಂಡೆನ್ಸರ್ ಮತ್ತು ಆ 12 ದಿನದ ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಆ ಬಿಪಿ ಮೀಟರ್ ಈಗ ಸ್ಪ್ಯಾನರ್‌ಗಳ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿದೆ. ಇಂಜಿನ್ ಜೋಡಿಸಿದ ಮೇಲೆ, ಫ್ರೇಮ್‌ಗೆ ಏರಿಸುವ ಮುಂಚೆಯೇ ಮುಳ್ಳು ನಿಲ್ಲುತ್ತಾ ನೋಡುತ್ತೇನೆ.

ರನ್ನಿಂಗ್ ಇನ್, ಅಂದರೆ ಹೊಸ ಪಿಸ್ಟನ್ ಪಳಗುವ ತನಕ ನಿಧಾನಕ್ಕೆ ಓಡಿಸುವುದು, ಮುಗಿದ ಮೇಲೆ ಯಜಮಾನರು ಗಾಡಿ ತೆಗೆದುಕೊಂಡು ಮೈಸೂರಿಗೆ ಹೋದರು. ಎಕ್ಸ್‌ಪ್ರೆಸ್‌ವೇ ಮೇಲೆ ಟೂ ವೀಲರ್ ಬಿಡುವುದಿಲ್ಲ, ಸರ್ವಿಸ್ ರೋಡಿನಲ್ಲೇ ನಿಧಾನಕ್ಕೆ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದಾಗ, ನಾನು ಹೇಳಿಕೊಟ್ಟಿದ್ದ ಹಾಗೆ ಇಂಜಿನ್ ಆರುವ ತನಕ ಕಾದು, ಪ್ಲಗ್ ಬಿಚ್ಚಿ ಫೋಟೋ ತೆಗೆದು ಕಳಿಸಿದ್ದರು. ಪ್ಲಗ್ ತುದಿ ಹುರಿದ ಕಾಫಿ ಪುಡಿ ಬಣ್ಣಕ್ಕಿತ್ತು.